ತೊಣ್ಣೂರು ಕೆರೆಯ ಏಕವಚನ

ತೊಣ್ಣೂರು ಕೆರೆಯ ನೀರಿನಿಂದ ಒಬ್ಬರು ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ಎದ್ದು ಬಂದಾಗ ನಮ್ಮ ಶಾಲೆಯ ಕನ್ನಡ ಮೇಡಂ ಚಿತ್ರಾನ್ನದ ಡಬ್ಬಿ ಕೈಬಿಟ್ಟು ಕಿರುಚಿದರು. ಪಾಂಡವಪುರದ ನಮ್ಮ ಹೈಸ್ಕೂಲಿನ ಕೆಲವು ಶಿಕ್ಷಕರು ಭಾನುವಾರ ಕೆರೆ ನೋಡೋಣ ಅಂತ ಬಂದು ಏರಿಯ ಮೇಲೆ ಕೂತಿದ್ದೆವು. ನೀರಿನ ಮೇಲೆ ಗುಳ್ಳೆ ಏಳುತ್ತಿದ್ದದ್ದನ್ನು ನಾನು ಮೊದಲೇ ನೋಡಿದ್ದೆ, ದೊಡ್ಡ ಮೀನಿರಬೇಕು ಅಂದುಕೊಂಡು ಸುಮ್ಮನಾಗಿದ್ದೆ. ಮೀನು ಮುಖದ ಮೇಲಿನ ಗಾಜಿನ ಕನ್ನಡಕವನ್ನು ಹಣೆಗೆ ಸರಿಸಿತು, ಬಾಯಲ್ಲಿ ಕಚ್ಚಿದ್ದ ರಬ್ಬರು ಕಿತ್ತಿತು. "ಎದ್ರುಕೋಬ್ಯಾಡಿ ತಾಯಿ, ಮನುಸ್ನೇ ನಾನು," ಅಂದಿತು.

ತೊಂಬತ್ತರ ದಶಕದ ಮಾತಿದು. ನಾನು ಆ ಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದೆ, ಬಾಡಿಗೆಯ ಸಣ್ಣ ಮನೆಯಲ್ಲಿ ಒಬ್ಬಳೇ ಇದ್ದೆ. ಮದುವೆಯಾಗಿರಲಿಲ್ಲ. ಆಗುವ ವಯಸ್ಸು ದಾಟಿತು ಅಂತ ನೆಂಟರು ತೀರ್ಮಾನ ಮಾಡಿದ್ದರು, ನನಗೂ ಆ ತೀರ್ಮಾನದ ಮೇಲೆ ತಕರಾರಿರಲಿಲ್ಲ. ಮುಂದಿನ ಭಾನುವಾರ ಯಾರಿಗೂ ಹೇಳದೆ ಬಸ್ಸು ಹತ್ತಿ ಮತ್ತೆ ತೊಣ್ಣೂರಿಗೆ ಹೋದೆ. ಆ ಗುಳ್ಳೆಗಳು ವಾರವೆಲ್ಲ ತಲೆಯಿಂದ ಹೋಗಿರಲಿಲ್ಲ.

ಅವರು ಮೂರು ಜನ. ಕೆರೆಯಿಂದ ಎದ್ದು ಬಂದವರು ಸಿಂಧಘಟ್ಟದವರು, ನೌಕಾಪಡೆಯಲ್ಲಿ ಹಡಗಿನ ಅಡಿಭಾಗ ನೋಡುವ ಮುಳುಗುಗಾರರಾಗಿದ್ದು ನಿವೃತ್ತರಾದವರು. ಊರಿನವರಿಗೆ ನೆಲದ ಸೈನ್ಯವೂ ಒಂದೇ, ನೀರಿನ ಸೈನ್ಯವೂ ಒಂದೇ, ಹಾಗಾಗಿ ಅವರು ಎಲ್ಲರಿಗೂ ಮಿಲ್ಟ್ರಿ ಅಣ್ಣ. ಬೊಂಬಾಯಿಯ ಹಳೇ ಸಾಮಾನಿನ ಅಂಗಡಿಯಿಂದ ಎರಡು ಸ್ಕೂಬಾ ಸೆಟ್ಟು ತಂದಿದ್ದರು. ಅವುಗಳ ವಾಷರು, ವಾಲ್ವು ನೋಡಿಕೊಳ್ಳುತ್ತಿದ್ದವರು ಕೆ.ಆರ್. ಪೇಟೆಯ ಒಬ್ಬ ಟ್ರಾಕ್ಟರು ಮೆಕ್ಯಾನಿಕ್ಕು. ಮೂರನೆಯವರು ಶ್ರೀರಂಗಪಟ್ಟಣದಲ್ಲಿ ಹರಿಗೋಲು ಹಾಕುವವರು. ತಮ್ಮದು ಮುಳುಗೋರ ಸಂಘ ಅನ್ನುತ್ತಿದ್ದರು. ನಮ್ಮ ಹೆಡ್‌ಮಾಸ್ಟರು ಆ ಹೆಸರು ಕೇಳಿ, "ಸಂಘಗಳೆಲ್ಲ ಹುಟ್ಟಿ ಆಮೇಲೆ ಮುಳುಗ್ತವೆ, ಇದೊಂದು ಮುಳುಗ್ತಾನೇ ಹುಟ್ಟಿದೆ," ಅಂತ ಸ್ಟಾಫ್ ರೂಮಿನಲ್ಲಿ ಬಹಳ ದಿನ ನಗಾಡಿದರು.

"ನನಗೂ ಕಲಿಸ್ತೀರಾ?" ಅಂತ ಕೇಳಿದೆ. ಮೂವರೂ ಮುಖ ಮುಖ ನೋಡಿಕೊಂಡರು.

"ಈಜು ಬತ್ತದಾ ಮೇಡಂ?" ಅಂದರು ಮಿಲ್ಟ್ರಿ ಅಣ್ಣ.

"ಬರುತ್ತೆ."

"ಅಂಗಾದ್ರೆ ಮುಂದಿನ್ವಾರ ಬನ್ನಿ. ನಮ್ಮನೆಯವ್ಳುನ್ನೂ ಕರ್ಕಬತ್ತೀನಿ, ನಿಮ್ಗೆ ಜೊತೆಯಾಯ್ತದೆ."

ಈಜು ಕಲಿತದ್ದು ನಾಗಮಂಗಲದಲ್ಲಿ, ನಮ್ಮ ಬೀದಿಯ ಹಿಂದಿನ ಮೆಟ್ಟಿಲು ಬಾವಿಯಲ್ಲಿ. ನಮ್ಮದು ಅಕ್ಕಸಾಲಿಗರ ಮನೆ. ಅಪ್ಪ ಕುಲುಮೆಯ ಮುಂದಿನ ಕೆಲಸ ಮುಗಿಸಿ ಸಂಜೆ ಬಾವಿಗೆ ಬಂದು, ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ನೀರಿಗೆ ನೂಕುತ್ತಿದ್ದರು. ದಡದಲ್ಲಿ ನಿಂತು "ಕಾಲು ಬಡಿಯೇ ಕತ್ತೆ, ಮುಳುಗ್ತಾವ್ಳೆ ನೋಡು ಮುಂಡೇದು" ಅಂತ ಒಂದೇ ಸಮನೆ ಬೈಯುತ್ತಿದ್ದರು. ದಮ್ಮು ಕಟ್ಟಿ ಬಾವಿಯ ತಳದ ಕೆಸರು ತರುವುದರಲ್ಲಿ ನಾನು ಅಣ್ಣಂದಿರನ್ನು ಸೋಲಿಸುತ್ತಿದ್ದೆ. ದೊಡ್ಡವಳಾದ ಮೇಲೆ ಬಾವಿ ನನಗೆ ನೀರು ಸೇದುವುದಕ್ಕೆ ಮಾತ್ರ ಅಂತಾಯಿತು.

ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಬೈಯುವವರು ಯಾರೂ ಉಳಿಯಲಿಲ್ಲ. ಇದನ್ನು ಸುಖ ಅಂತ ತಿಳಿಯುವವರು ಏಕವಚನದ ಬೆಲೆ ಅರಿಯದವರು. ಶಾಲೆಯಲ್ಲಿ ಮೇಡಂ, ಬಾಡಿಗೆ ಮನೆಯವರಿಗೆ ಮೇಡಮ್ನೋರು. ಹಬ್ಬಕ್ಕೆ ನಾಗಮಂಗಲಕ್ಕೆ ಹೋದರೆ ಅತ್ತಿಗೆಯಂದಿರು ಒಳ್ಳೆಯ ಲೋಟ ಹುಡುಕಿ ಕಾಫಿ ಕೊಟ್ಟು, "ನೀವು ಕೂತ್ಕೊಳ್ಳಿ" ಅನ್ನುತ್ತಿದ್ದರು. ಹುಟ್ಟಿದ ಮನೆಯಲ್ಲೇ ನೆಂಟಳಾಗಿದ್ದೆ. ಆ ಮೂವರು ಗಂಡಸರು ನೀರಿನ ಅಂಚಿನಲ್ಲಿ ಒಬ್ಬರನ್ನೊಬ್ಬರು ಲೇ, ಲಾ ಅಂತ ಬೈದುಕೊಂಡು ನಗುತ್ತಿದ್ದದ್ದನ್ನು ಮೊದಲ ದಿನವೇ ಕೇಳಿಸಿಕೊಂಡಿದ್ದೆ. ಕೆರೆಯ ತಳಕ್ಕಿಂತ ಹೆಚ್ಚಾಗಿ ನನಗೆ ಬೇಕಾಗಿದ್ದದ್ದು ಅದು.

ಮುಂದಿನ ವಾರ ಹೋದರೆ ನನಗೋಸ್ಕರ ಪ್ಲಾಸ್ಟಿಕ್ ಕುರ್ಚಿ ಬಂದಿತ್ತು. ಮೆಕ್ಯಾನಿಕ್ಕು ಅದನ್ನು ಮೊಪೆಡ್ಡಿನ ಹಿಂದೆ ಹಗ್ಗದಲ್ಲಿ ಬಿಗಿದು ಕೆ.ಆರ್. ಪೇಟೆಯಿಂದ ತಂದಿದ್ದರು. ಎಳನೀರು ಬಂದಿತ್ತು. ಮಿಲ್ಟ್ರಿ ಅಣ್ಣನ ಹೆಂಡತಿ ಒಂದು ಚೀಲ ಅವರೆಕಾಯಿ ತಂದು, ಏರಿಯ ಮೇಲೆ ಬಿಡಿಸುತ್ತಾ ಕೂತಿದ್ದರು. ಪಕ್ಕದ ಹಳೇ ಮಂಟಪಕ್ಕೆ ಸೀರೆ ಅಡ್ಡ ಕಟ್ಟಿ ನನಗೆ ಬಟ್ಟೆ ಬದಲಾಯಿಸಲು ಜಾಗ ಮಾಡಿದ್ದರು. ಇಷ್ಟು ಅಕ್ಕರೆಯ ಸ್ವಾಗತ ನನಗೆ ಯಾವ ಊರಿನಲ್ಲೂ ಸಿಕ್ಕಿರಲಿಲ್ಲ, ಅದನ್ನು ಇವತ್ತಿಗೂ ಹೇಳುತ್ತೇನೆ. ಆದರೆ ಕುರ್ಚಿಯಲ್ಲಿ ಕೂತ ತಕ್ಷಣ ನನಗೆ ಸಿಟ್ಟೂ ಬಂತು, ಉಳಿದವರೆಲ್ಲ ನೆಲದ ಮೇಲಿದ್ದರು.

ವಾರಗಳು ಹಾಗೇ ಹೋದವು. ಸಿಲಿಂಡರಿಗೆ ಗಾಳಿ ಮೈಸೂರಿನಲ್ಲಿ ತುಂಬಿಸಬೇಕಿತ್ತು, ಅದನ್ನು ಬಸ್ಸಿನಲ್ಲಿ ತರುವುದೇ ಒಂದು ಕಥೆ. ಒಂದು ಸಲ ಜೊತೆಗೆ ನಾನೂ ಇದ್ದೆ. ಕಂಡಕ್ಟರು ಬಾಗಿಲಲ್ಲೇ ತಡೆದು, "ಗ್ಯಾಸು ಬಸ್ಸಿಗೆ ಆಕಂಗಿಲ್ಲ," ಅಂದರು.

"ಗ್ಯಾಸಲ್ಲ ಕಣಪ್ಪ, ಬರೀ ಗಾಳಿ," ಅಂದರು ಹರಿಗೋಲಿನವರು.

"ಗಾಳಿ ನಿಮ್ಮೂರಲ್ಲೂ ಅದಲ್ಲ, ಮೈಸೂರಿಂದ ಯಾಕ್ಲಾ ಒತ್ಕ ಓಯ್ತೀರಾ?"

ಬಸ್ಸಿಗೆ ಬಸ್ಸೇ ನಕ್ಕಿತು. ಲಗೇಜು ಟಿಕೆಟ್ ಹರಿಸಿ ಹತ್ತಿದೆವು. ನಾನು ಸಿಲಿಂಡರಿಗೆ ಕೈ ಹಾಕಿದರೆ, "ಬುಡಿ ಮೇಡಂ, ನಿಮ್ಗ್ಯಾಕೆ ಸ್ರಮ," ಅಂತ ಕಿತ್ತುಕೊಂಡರು.

ಸಿಲಿಂಡರ್ ಹಾಕಿಕೊಂಡವರಿಗೆ ಎಲ್ಲಕ್ಕಿಂತ ದೊಡ್ಡ ಕಾನೂನು, ಉಸಿರು ಹಿಡಿಯಬಾರದು. ಆಳದಲ್ಲಿ ಎಳೆದುಕೊಂಡ ಗಾಳಿ ಮೇಲೆ ಬಂದಂತೆ ಹಿಗ್ಗುತ್ತದೆ. ಬಾಯಿ ಮುಚ್ಚಿಕೊಂಡು ಮೇಲೆದ್ದರೆ ಶ್ವಾಸಕೋಶ ಹರಿದುಹೋಗಬಹುದು. ನಮ್ಮ ಕಡೆಯವರಿಗೆ ಇದು ತಲೆಗೆ ಇಳಿಯುವುದು ಕಷ್ಟ. ಬಾವಿ, ನಾಲೆಗಳಲ್ಲಿ ಬೆಳೆದವರಿಗೆ ಮುಳುಗುವುದು ಅಂದರೇ ದಮ್ಮು ಕಟ್ಟುವುದು, ಅದು ಮಾನದ ಪ್ರಶ್ನೆ. ಬೆನ್ನ ಮೇಲೆ ಅಷ್ಟು ಗಾಳಿ ಹೊತ್ತುಕೊಂಡೂ ಮೆಕ್ಯಾನಿಕ್ಕು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದರು. ಆಗ ಮಿಲ್ಟ್ರಿ ಅಣ್ಣ ಕೂಗುತ್ತಿದ್ದರು: "ಉಸ್ರು ಬುಡ್ಲಾ! ಬುಡ್ಲಾ ಅಂದ್ರೆ! ಯಾವನಿಗ್ ಉಳ್ಸಕ್ಕೆ ಇಟ್ಕಂಡಿದ್ದೀಯ ಬಡ್ಡೆತ್ತದೆ?"

ನಾನು ಎದೆಮಟ್ಟದ ನೀರಿನಲ್ಲಿ ಅದೇ ತಪ್ಪು ಮಾಡಿದರೆ ಅದೇ ಬಾಯಿ, "ಮೇಡಂ, ದಯ್ಮಾಡಿ ಒಸಿ ಉಸ್ರು ಬುಡ್ತೀರಾ?" ಅನ್ನುತ್ತಿತ್ತು. ಬಿಡದಿದ್ದರೂ ನಡೆಯುತ್ತದೆ ಅನ್ನುವ ಹಾಗೆ.

ಕೆರೆಯ ಒಂದು ಕಡೆ ಕಲ್ಲಿನ ಮೆಟ್ಟಿಲುಗಳು ನೀರಿನೊಳಕ್ಕೆ ಇಳಿದುಹೋಗಿದ್ದವು. ಸಂಘದವರು ಆ ಮೆಟ್ಟಿಲ ಪಕ್ಕದಲ್ಲೇ ಇಳಿದು ಕಡೇ ಮೆಟ್ಟಿಲು ಮುಟ್ಟಿ ಬರುತ್ತಿದ್ದರು. ಅದನ್ನು ಮುಟ್ಟಿದವರು ಸಂಘದವರು, ಉಳಿದವರು ಕೆರೆ ನೋಡಲು ಬಂದವರು. ಹಾಗಂತ ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನಾನು ಕೇಳಿದಾಗಲೆಲ್ಲ "ಆಗ್ಲಿ ಮೇಡಂ, ಮುಂದಿನ್ವಾರ ನೋಡನ" ಅನ್ನುತ್ತಿದ್ದರು. ಎದೆಮಟ್ಟದ ನೀರಿನಲ್ಲೇ ನನಗೆ ಚಳಿಗಾಲ ಕಳೆಯಿತು.

ಒಂದು ದಿನ ಅವರೆಕಾಯಿ ಬಿಡಿಸುತ್ತಿದ್ದ ಅಣ್ಣನ ಹೆಂಡತಿಯ ಮುಂದೆ ನನ್ನ ಸಂಕಟ ಹೇಳಿಕೊಂಡೆ. "ನಾನು ಹೆಂಗಸು ಅಂತ ಹೆದರ್ತಾರಾ?"

"ಎಂಗ್ಸು ಅಂತ ಅಲ್ಲ ಕಣವ್ವ, ಮೇಡಂ ಅಂತ," ಅಂದರು. "ಕೆಳಿಕ್ಕೆ ಓದ್ಮೇಲೆ ಏನಾರ ಎಚ್ಚುಕಮ್ಮಿ ಆದ್ರೆ ಬೈಬೇಕಾಯ್ತದೆ. ನಿಮ್ಮುನ್ನ ಎಂಗ್ ಬೈತಾರೆ ಏಳಿ."

ನನಗೆ ನಗು ಬರಲಿಲ್ಲ. ಅವತ್ತು ಮಧ್ಯಾಹ್ನ ನಾನು ಕುರ್ಚಿಯನ್ನು ಮಡಿಸಲು ನೋಡಿದೆ, ಅದು ಮಡಿಸುವ ಕುರ್ಚಿಯಲ್ಲ. ಎತ್ತಿ ದೂರ ಇಟ್ಟು ಬಂದು, "ಇವತ್ತು ಕರ್ಕೊಂಡು ಹೋಗದಿದ್ರೆ ಇನ್ನು ಬರಲ್ಲ," ಅಂದೆ. ಸ್ವರ ಸ್ವಲ್ಪ ಜೋರಾಗೇ ಇತ್ತು. ಮಿಲ್ಟ್ರಿ ಅಣ್ಣ ತಲೆ ಕೆರೆದುಕೊಂಡು, ಸಿಲಿಂಡರ್ ನನ್ನ ಬೆನ್ನಿಗೆ ಬಿಗಿದು, ನನ್ನ ಮುಂಗೈ ಹಿಡಿದು ನೀರಿಗಿಳಿದರು.

ಇಳಿಯುವಾಗ ಎಲ್ಲ ಸರಿಯಿತ್ತು. ಮೆಟ್ಟಿಲುಗಳ ಮೇಲೆ ಹಸಿರು ಪಾಚಿ, ಸಂದಿಯಲ್ಲಿ ಸಣ್ಣ ಮೀನು. ನೀರು ತಿಳಿಯಾಗಿತ್ತು, ನನ್ನ ಕಾಲ ಬೆರಳು ಎಣಿಸಬಹುದಿತ್ತು. ಕಿವಿ ನೋಯುತ್ತಿದ್ದಂತೆ ಮೂಗು ಒತ್ತಿ ಸರಿಮಾಡಿಕೊಂಡೆ. ಕಡೇ ಮೆಟ್ಟಿಲನ್ನು ಅಂಗೈಯಿಂದ ಮುಟ್ಟಿದೆ. ತಣ್ಣಗಿತ್ತು, ಸ್ವಲ್ಪ ಜಾರುತ್ತಿತ್ತು. ಅದರಲ್ಲಿ ವಿಶೇಷ ಏನೂ ಇರಲಿಲ್ಲ, ಆದರೂ ಇನ್ನೊಂದು ಸಲ ಮುಟ್ಟಿದೆ.

ಅಣ್ಣ ಹೆಬ್ಬೆರಳು ಮೇಲೆ ಮಾಡಿ ಹೊರಡುವ ಸನ್ನೆ ಕೊಟ್ಟರು. ನಾನು ತಲೆಯೆತ್ತಿದೆ. ಮೇಲೆ ಬೆಳಕು ಕಂಡಿತು. ಬಾವಿಯ ತಳದಿಂದ ಕಾಣುತ್ತಿದ್ದಂಥದೇ ಬೆಳಕು. ಆ ಕ್ಷಣದಲ್ಲಿ ನಾನು ವಿಜ್ಞಾನದ ಮೇಡಂ ಆಗಿರಲಿಲ್ಲ, ಕೆಸರು ಹಿಡಿದು ಅಣ್ಣಂದಿರಿಗಿಂತ ಮೊದಲು ಮೇಲೇಳುವ ಹುಡುಗಿಯಾಗಿದ್ದೆ. ಎದೆ ತುಂಬಾ ಗಾಳಿ ಎಳೆದುಕೊಂಡು, ದಮ್ಮು ಕಟ್ಟಿ, ಮೆಟ್ಟಿಲಿಗೆ ಕಾಲೊದ್ದು ಮೇಲಕ್ಕೆ ಚಿಮ್ಮಿದೆ.

ಒಂದು ಕೈ ನನ್ನ ಬೆನ್ನಿನ ಪಟ್ಟಿ ಹಿಡಿದು ಕೆಳಗೆ ಜಗ್ಗಿತು. ಇನ್ನೊಂದು ಕೈ ಮುಷ್ಟಿ ಮಾಡಿ ಹೊಟ್ಟೆಗೆ ಒತ್ತಿತು. ನನ್ನ ಬಾಯಿಂದ ಗಾಳಿಯೆಲ್ಲ ಭುಸ್ಸನೆ ಹೊರಗೆ ಹೋಯಿತು. ಆಮೇಲೆ ಅಣ್ಣ ನನ್ನನ್ನು ಪಟ್ಟಿ ಬಿಡದೆ, ಒಂದೊಂದು ಉಸಿರಿಗೂ ನಿಲ್ಲಿಸುತ್ತಾ, ನಿಧಾನವಾಗಿ ಮೇಲೆ ತಂದರು. ತಲೆ ನೀರಿನಿಂದ ಹೊರಗೆ ಬಂದದ್ದೇ ತಡ, ರಬ್ಬರು ಉಗಿದು ಗುಡುಗಿದರು.

"ಉಸ್ರು ಬುಡಮ್ಮಿ ಅಂತ ಎಷ್ಟು ಸಲ ಬಡ್ಕಂಡಿದ್ದೀನಿ ನಿಂಗೆ! ಸಾಯಕ್ಕೆ ಬಂದಿದ್ದೀಯಾ ಇಲ್ಲಿಗೆ? ಇದೇನು ನಿಮ್ಮೂರು ಬಾವಿ ಅಂದ್ಕಂಡ್ಯಾ? ಬುದ್ಧಿ ಅದಾ ಮುಂಡೇದೆ? ಉಗಿ, ಕೈಗುಗಿ, ರಕ್ತ ಬಂದದಾ ತೋರ್ಸು!"

ಅಂಗೈಗೆ ಉಗಿದು ತೋರಿಸಿದೆ. ರಕ್ತ ಇರಲಿಲ್ಲ. ನನ್ನ ಕಣ್ಣಲ್ಲಿ ನೀರು ಧಾರಾಕಾರ ಸುರಿಯಲು ಶುರುವಾಯಿತು, ತಡೆಯಲು ಆಗಲೇ ಇಲ್ಲ.

ಏರಿಯ ಮೇಲಿಂದ ಅವರ ಹೆಂಡತಿ ಎದ್ದು ನಿಂತು ಕೂಗಿದರು: "ಯಾರ್ಗೆ ಬೈತಿದ್ದೀಯಾ ಅಂತ ಗ್ಯಾನ ಅದಾ ನಿಂಗೆ? ಮೇಡಮ್ನೋರು ಕಣಯ್ಯ ಅವ್ರು! ಅಳ್ತಾವ್ರೆ ನೋಡು!"

ಮಿಲ್ಟ್ರಿ ಅಣ್ಣನ ಮುಖ ಬಿಳುಚಿಕೊಂಡಿತು. ನನ್ನನ್ನು ದಡಕ್ಕೆ ತಂದು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. "ತೆಪ್ಪಾಯ್ತು ಮೇಡಂ. ಗಾಬ್ರೀಲಿ ಬಾಯ್ಗೆ ಬಂದಂಗೆ ಅಂದ್ಬುಟ್ಟೆ. ಮನ್ಸಿಗೆ ಆಕ್ಕಬ್ಯಾಡಿ." ಮೆಕ್ಯಾನಿಕ್ಕು ಓಡಿಹೋಗಿ ಕುರ್ಚಿ ತಂದರು. ಹರಿಗೋಲಿನವರು ನನ್ನ ಮುಖ ನೋಡಲಾರದೆ ಕೆರೆಯ ಕಡೆ ತಿರುಗಿದರು. ಸುಸ್ತಾಗಿತ್ತು, ನಾನು ಕೂತುಬಿಟ್ಟೆ.

ಕೂತ ಮೇಲೆ ನನಗೆ ಹೆದರಿಕೆಯಾಯಿತು. ನೀರಿನೊಳಗೆ ಆಗದಿದ್ದ ಹೆದರಿಕೆ. ಈಗ ಸುಮ್ಮನಿದ್ದರೆ ಇವರು ಮುಂದಿನ ವಾರ ಎಳನೀರು ತರುತ್ತಾರೆ, ಕಾಫಿ ತರುತ್ತಾರೆ, ಮೇಡಮ್ನೋರೇ ಅನ್ನುತ್ತಾರೆ, ನಾನು ಈ ಕುರ್ಚಿಯಲ್ಲೇ ಮುದುಕಿಯಾಗುತ್ತೇನೆ. ಶಾಲೆಯ ಕನ್ನಡ ಆಡಿ ಆಡಿ ಸವೆದುಹೋಗಿದ್ದ ನಾಲಿಗೆಗೆ ಎಲ್ಲಿಂದಲೋ ನಾಗಮಂಗಲದ ಮಾತು ಬಂತು.

"ಸರ್ಯಾಗೇ ಬೈದೆ ಬುಡಣ್ಣ," ಅಂದೆ. "ಇನ್ನೂ ಬೈಯಂಗಿದ್ರೆ ಬೈ. ಮೇಡಂ ಅಂತ ಮಾತ್ರ ಅನ್ಬ್ಯಾಡ ಕಣಣ್ಣ."

ಮೆಕ್ಯಾನಿಕ್ಕು ಕುರ್ಚಿಯ ಬೆನ್ನಿನಿಂದ ಕೈ ತೆಗೆದ. ಮಿಲ್ಟ್ರಿ ಅಣ್ಣ ನನ್ನ ಮುಖವನ್ನೇ ನೋಡಿದ, ಆಮೇಲೆ ಹೆಂಡತಿಯ ಕಡೆ ನೋಡಿದ, ಆಮೇಲೆ ಗಂಟಲು ಸರಿಮಾಡಿಕೊಂಡ.

"ಅಂಗಾದ್ರೆ ಏಳಮ್ಮಿ ಮೇಲೆ, ಮಾರಾಣಿ ಕೂತಂಗೆ ಕೂತವ್ಳೆ. ಮೊದ್ಲು ಎದೆಮಟ್ಟದ ನೀರಲ್ಲಿ ಉಸ್ರು ಬುಡದ ಕಲಿ. ಅಲ್ಲೀಗಂಟ ಮೆಟ್ಲು ಸುದ್ದಿ ಎತ್ತಿದ್ರೆ ನೋಡು," ಅಂದ ನಮ್ಮಣ್ಣ.