ಮಗ್ಗದ ಮನೆಯವರ ಕಿವಿ

ಯಾರನ್ನೇ ಹೊಸದಾಗಿ ಕಂಡರೂ ನಾನು ಮೊದಲು ನೋಡುವುದು ಅವರ ಕಿವಿಯನ್ನು. ಹೆಂಗಸರಾದರೆ ಓಲೆಗೆ ಕಣ್ಣು ಹಾಕಿದಳು ಎಂದುಕೊಳ್ಳುತ್ತಾರೆ. ಗಂಡಸರಾದರೆ ಕಿವಿಯ ಹಿಂದೆ ಸೋಪಿನ ನೊರೆ ಉಳಿದಿದೆಯೇನೋ ಎಂದು ಮೆಲ್ಲಗೆ ಒರೆಸಿಕೊಳ್ಳುತ್ತಾರೆ. ಎರಡೂ ಅಲ್ಲ. ತಮಿಳುನಾಡಿನ ಅವಿನಾಶಿಯ ಶಾಲೆಯೊಂದರಲ್ಲಿ ಅರ್ಧ ಆಯುಷ್ಯ ಜೀವಶಾಸ್ತ್ರ ಪಾಠ ಹೇಳಿ ಹತ್ತಿದ ಚಾಳಿ ಇದು. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮೇಷ್ಟರಗುಣವೂ ಅಷ್ಟೇ, ನಿವೃತ್ತಿಯಾದರೂ ಹೋಗುವುದಿಲ್ಲ.

ಪಾಪ, ಮುಖದಲ್ಲಿ ಕಿವಿಯಷ್ಟು ಅನಾಥವಾದ ಅಂಗ ಇನ್ನೊಂದಿಲ್ಲ. ಕವಿಗಳು ಕಣ್ಣಿಗೆ ಕಮಲ ಕೊಟ್ಟರು, ಮೂಗಿಗೆ ಸಂಪಿಗೆ, ತುಟಿಗೆ ತೊಂಡೆಹಣ್ಣು. ಕಿವಿಯ ಸರದಿ ಬರುವ ಹೊತ್ತಿಗೆ ತೋಟವೆಲ್ಲ ಖಾಲಿಯಾಗಿತ್ತೋ ಏನೋ. ನಾವೂ ಅದನ್ನು ಓಲೆ ನೇತುಹಾಕಲು, ಕನ್ನಡಕದ ಕಡ್ಡಿ ಸಿಕ್ಕಿಸಲು, ತಪ್ಪು ಮಾಡಿದ ಮಕ್ಕಳಿಗೆ ಹಿಂಡಲು ಬಳಸುತ್ತ ಬಂದಿದ್ದೇವೆ. ಆದರೆ ಅದರ ಮಡಿಕೆಗಳನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಒಂದೊಂದು ಏರಿಗೂ ಒಂದೊಂದು ತಗ್ಗಿಗೂ ಕೆಲಸವಿದೆ. ಸದ್ದು ಮೇಲಿನಿಂದ ಬಂತೋ ಕೆಳಗಿನಿಂದ ಬಂತೋ, ಮುಂದಿನಿಂದಲೋ ಬೆನ್ನ ಹಿಂದಿನಿಂದಲೋ ಎಂದು ಮಿದುಳಿಗೆ ಚಾಡಿ ಹೇಳುವುದು ಆ ಮಡಿಕೆಗಳೇ.

ಜೀವಿಗಳ ಮೈಯಲ್ಲಿ ಸುಮ್ಮನೆ ಇರುವ ಆಕಾರ ಬಹಳ ಕಡಿಮೆ. ನಮ್ಮ ಬೆಟ್ಟದ ತಪ್ಪಲಿನ ಊರುಗಳಿಗೆ ಆಗಾಗ ಇಳಿದುಬಂದು ಬಾಳೆ ತಿಂದು ಹೋಗುವ ಆನೆಯನ್ನೇ ನೋಡಿ. ಅದರ ಕಿವಿ ಕೇಳುವುದಕ್ಕೆ ಮಾತ್ರವಲ್ಲ, ಮೈ ತಂಪು ಮಾಡಿಕೊಳ್ಳಲು ದೇವರು ಕೊಟ್ಟ ಬೀಸಣಿಗೆ. ತೆಳುವಾದ ಚರ್ಮದ ಕೆಳಗೆ ರಕ್ತನಾಳಗಳ ಬಲೆ. ಬೀಸಿದಷ್ಟೂ ರಕ್ತ ತಣಿಯುತ್ತದೆ. ದೂರದ ಸುದ್ದಿ ತಿಳಿಯಬೇಕಾದರೆ ಅದಕ್ಕೆ ಪಾದವೂ ಇದೆ, ನೆಲದ ಅದುರನ್ನು ಹಿಡಿಯುವ ದಪ್ಪ ಮೆತ್ತೆಯ ಪಾದ. ಹಾವಿಗೆ ಹೊರಗಿವಿಯೇ ಇಲ್ಲ, ದವಡೆಯ ಮೂಳೆಯಿಂದಲೇ ನೆಲದ ಸಮಾಚಾರ ತಿಳಿದುಕೊಳ್ಳುತ್ತದೆ. ಗಿಡಗಳೂ ಕಡಿಮೆಯವಲ್ಲ. ನಮ್ಮ ಹಿತ್ತಲಿನ ಹೀರೆಬಳ್ಳಿಯ ತಂತು ಗಾಳಿಯಲ್ಲಿ ತಡವರಿಸುತ್ತ ಬಂದು, ಒಂದು ಕಡ್ಡಿ ತಾಕಿದ ಕೂಡಲೇ ಸುರುಳಿ ಸುತ್ತಿಕೊಳ್ಳಲು ಶುರುಮಾಡುತ್ತದೆ. ಕಣ್ಣಿಲ್ಲ, ಕಿವಿಯಿಲ್ಲ, ಆದರೂ ಆಸರೆ ಯಾವುದೆಂದು ಗೊತ್ತು. ನಾನು ಇದನ್ನೆಲ್ಲ ತರಗತಿಯಲ್ಲಿ ತಮಿಳಿನಲ್ಲಿ ಹೇಳಿ, ಮನೆಗೆ ಬಂದು ಕನ್ನಡದಲ್ಲಿ ಇನ್ನೊಮ್ಮೆ ಹೇಳುತ್ತಿದ್ದೆ. ತರಗತಿಯಲ್ಲಾದರೂ ಕೆಲವರು ಕೇಳುತ್ತಿದ್ದರು.

ಮನೆಯಲ್ಲಿ ಕೇಳದಿರಲು ಕಾರಣವಿತ್ತು. ನಾನು ಕೊಳ್ಳೇಗಾಲದಿಂದ ಮದುವೆಯಾಗಿ ಬಂದದ್ದು ಪವರ್‌ಲೂಮಿನ ಮನೆಗೆ. ಮಗ್ಗಕ್ಕೆ ಇಲ್ಲಿ ತರಿ ಎನ್ನುತ್ತಾರೆ. ಮನೆಗೆ ಅಂಟಿಕೊಂಡೇ ತರಿಯ ಶೆಡ್ಡು. ಮಗ್ಗಗಳೆಲ್ಲ ಒಟ್ಟಿಗೆ ಓಡತೊಡಗಿದರೆ ಪಕ್ಕದಲ್ಲಿ ಸಿಡಿಲು ಬಡಿದರೂ ಗೊತ್ತಾಗುವುದಿಲ್ಲ. ಮೊದಲ ದಿನ ನಮ್ಮವರು ಶೆಡ್ಡಿನ ಆ ಕೊನೆಯಿಂದ ನನ್ನತ್ತ ನೋಡಿ ಬಾಯಿ ಆಡಿಸಿದರು, ದನಿಯೇ ಬರಲಿಲ್ಲ. ಹೊಸ ಹೆಂಡತಿಗೆ ಹೇಳಲು ನಾಚಿಕೆಯಾಗಿ ಮಾತು ಗಂಟಲಲ್ಲೇ ನಿಂತಿರಬೇಕೆಂದು ನಾನು ಪುಳಕಗೊಂಡೆ. ಆಮೇಲೆ ತಿಳಿಯಿತು, ಅವರು ಕೇಳಿದ್ದು ಕಾಫಿ.

ತರಿ ಶೆಡ್ಡಿನಲ್ಲಿ ಮಾತಿಗೆ ದನಿ ಬೇಡ. ತುಟಿಯನ್ನು ಕೊಂಚ ಅಗಲಿಸಿ, ಒಂದೊಂದು ಪದವನ್ನೂ ಬಿಡಿಸಿ ಆಡಿದರೆ ಸಾಕು, ಎದುರಿನವರು ಕಣ್ಣಿನಿಂದಲೇ ಕೇಳಿಸಿಕೊಳ್ಳುತ್ತಾರೆ. ನಾನೂ ಕಲಿತೆ. ನನ್ನ ಮಗಳು ಕವಿತಾ ಅಕ್ಷರ ಕಲಿಯುವ ಮೊದಲೇ ಇದನ್ನು ಕಲಿತಳು. ನಮ್ಮವರ ಪಾದದ ವಿದ್ಯೆ ಇನ್ನೂ ಬೇರೆ. ಶೆಡ್ಡಿನಲ್ಲಿ ಚಪ್ಪಲಿ ಹಾಕುವುದಿಲ್ಲ. ಬರಿಗಾಲಲ್ಲಿ ನಿಂತು ಯಾರ ಜೊತೆಗೋ ಹರಟುತ್ತಿರುವಾಗಲೇ ತಟ್ಟನೆ ತಿರುಗಿ ಮೂಲೆಯ ಮಗ್ಗದ ಕಡೆ ಹೋಗುತ್ತಾರೆ. ಹೋಗಿ ನೋಡಿದರೆ ಅದರ ಓಟ ತಪ್ಪಿರುತ್ತದೆ. ಆನೆಯ ಪಾಠ ಮಾಡುವಾಗಲೆಲ್ಲ ನನ್ನ ಕಣ್ಣೆದುರು ನಿಲ್ಲುತ್ತಿದ್ದದ್ದು ನನ್ನ ಗಂಡನೇ. ಹೊಟ್ಟೆಯ ಸುತ್ತಳತೆಯೂ ಹೋಲಿಕೆಗೆ ನೆರವಾಗುತ್ತಿತ್ತು ಎಂಬುದು ಮನೆಯೊಳಗಿನ ಮಾತು.

ಈ ವಿದ್ಯೆಯ ಕಷ್ಟ ತಿಳಿಯುವುದು ಕರೆಂಟು ಹೋದಾಗ. ಮಗ್ಗಗಳು ನಿಂತರೂ ನಮ್ಮವರ ಗಂಟಲು ನಿಲ್ಲುವುದಿಲ್ಲ, ಆ ಸದ್ದಿಗೆ ಮಂದವಾದ ಕಿವಿಗೆ ತಮ್ಮ ದನಿ ಎಷ್ಟು ಜೋರೆಂದೇ ತಿಳಿಯದು. ಒಮ್ಮೆ ಹಾಗೆ ಎಲ್ಲ ನಿಶ್ಶಬ್ದವಾದಾಗ, ಇವರು ಗುಟ್ಟಾಗಿ ಹೇಳುತ್ತಿದ್ದೇನೆಂದು ತಿಳಿದು, "ಎದುರುಮನೆಯವರು ಮಾಡಿದ್ದ ಸಾಂಬಾರು ವಾಯಿಲೆ ಇಡಕ್ಕಾಗಲ್ಲೆ ಕಣೆ" ಅಂದರು. ಬಾಯಿಗಿಡಲಾಗದೆಂಬ ಆ ತೀರ್ಪು ಬೀದಿಯ ಎರಡೂ ಬದಿಗೆ ಕೇಳಿಸಿತು. ಅಂದಿನಿಂದ ಆ ಮನೆಯಿಂದ ಬಟ್ಟಲು ಬರುವುದು ನಿಂತಿತು. ಅದಕ್ಕಾಗಿಯೇ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿಕೊಂಡಿತು. ಪರರ ಎದುರು ಏನೇ ಗುಟ್ಟಿದ್ದರೂ ಪಿಸುಗುಟ್ಟುವಂತಿಲ್ಲ, ತುಟಿಯಲ್ಲೇ ಆಡಬೇಕು. ನೆಂಟರ ನಡುವೆ ಕೂತು, ನೆಂಟರ ಬಗ್ಗೆಯೇ, ನೆಂಟರಿಗೆ ತಿಳಿಯದಂತೆ ಮಾತಾಡುವ ಸುಖ ಉಳಿದ ಊರಿನವರಿಗೆ ಎಲ್ಲಿ ಗೊತ್ತು.

ಆ ಸುಖವೇ ನನ್ನ ಮಗಳ ಮದುವೆಯನ್ನು ಮುರಿಯುವುದರಲ್ಲಿತ್ತು.

ಕವಿತಾ ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಾಳೆ. ಕಿಣತ್ತುಕಡವು ಎಂಬ ಊರಿನಿಂದ ಸಂಬಂಧವೊಂದು ಬಂತು. ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಜನ. ತಂದೆಯದು ತೆಂಗಿನ ತೋಟ, ಹುಡುಗ ಗಣಪತಿ ಎಂಬ ಬಡಾವಣೆಯ ಪಂಪ್ ವರ್ಕ್‌ಶಾಪಿನಲ್ಲಿ ಇಂಜಿನಿಯರು. ಇಬ್ಬರೂ ಫೋನಿನಲ್ಲಿ ಮಾತಾಡಿದರು, ಆಮೇಲೆ ಮಾತಾಡುತ್ತಲೇ ಇದ್ದರು. ತಂದ ಹುಡುಗರಿಗೆಲ್ಲ ಏನಾದರೊಂದು ಕೊಂಕು ತೆಗೆಯುತ್ತಿದ್ದ ನನ್ನ ಮಗಳು ಈ ಸಲ ತಾನೇ ಮಲ್ಲಿಗೆ ತಂದುಕೊಂಡು, "ಅಮ್ಮ, ಇದೊಂದನ್ನ ನೀನು ಕೆಡಿಸಬೇಡ" ಅಂದಳು. ಅವಳು ಇಷ್ಟು ಆಸೆಪಟ್ಟು ಏನನ್ನೂ ಕೇಳಿದವಳಲ್ಲ.

ಗಂಡಿನ ಕಡೆಯವರು ಬಂದರು. ಕೇಸರಿ, ಬಾಳೆಕಾಯಿ ಬಜ್ಜಿ, ಕಾಫಿ. ನಮ್ಮಲ್ಲಿ ಒಪ್ಪಿಗೆಯನ್ನು ಬಾಯಲ್ಲಿ ಹೇಳುವ ರೂಢಿ ಇಲ್ಲ. ಗಂಡಿನ ತಾಯಿ ಎದ್ದು, ತಂದ ಹೂವನ್ನು ಹುಡುಗಿಗೆ ಮುಡಿಸಬೇಕು. ಮುಡಿಸಿದರೆ ಗಟ್ಟಿ. ಮುಡಿಸದೆ ಹೋದರೆ, "ಊರಿಗೆ ಹೋಗಿ ತಿಳಿಸ್ತೀವಿ" ಎಂಬ ಮಾತು ಉಳಿಯುತ್ತದೆ, ಆ ತಿಳಿಸುವಿಕೆ ಎಂದೂ ಬರುವುದಿಲ್ಲ. ಆಕೆಯ ಮಡಿಲಲ್ಲಿದ್ದ ಚೀಲದಲ್ಲಿ ಬಾಳೆಲೆಯ ಪೊಟ್ಟಣವೊಂದು ಇಣುಕುತ್ತಿತ್ತು. ಕವಿತಾ ಬಾಗಿಲ ಬಳಿ ನಿಂತು ಅದನ್ನೇ ನೋಡುತ್ತಿದ್ದಳು.

ನಾನು ನೋಡಿದ್ದು ಏನನ್ನೆಂದು ನೀವು ಊಹಿಸಿರುತ್ತೀರಿ. ಹುಡುಗನ ಕಿವಿ. ಅಂಥ ಕಿವಿಗಳನ್ನು ನಾನು ಪಾಠದ ಚಿತ್ರಗಳಲ್ಲೂ ಕಂಡಿರಲಿಲ್ಲ. ಕಿಟಕಿಯ ಬೆಳಕು ಹಿಂದಿನಿಂದ ಬಿದ್ದು ಎರಡೂ ಕೆಂಪಗೆ ಬೆಳಗುತ್ತಿದ್ದವು, ರಕ್ತನಾಳಗಳನ್ನು ಎಣಿಸಬಹುದಿತ್ತು. ತಡೆಯಲಾಗಲಿಲ್ಲ. ಎದುರಿಗೆ ಕೂತಿದ್ದ ನಮ್ಮವರತ್ತ ತಿರುಗಿ, ದನಿಯಿಲ್ಲದೆ ತುಟಿಯಾಡಿಸಿದೆ: "ಕಿವಿ ನೋಡಿದ್ರಾ, ಮೊರದಗಲ."

ನಮ್ಮವರು ಬಜ್ಜಿ ಅಗಿಯುತ್ತಲೇ ತುಟಿಯಲ್ಲಿ ಉತ್ತರಿಸಿದರು: "ಕಿವಿ ಇರ್ಲಿ ಬುಡು. ಹುಡುಗ ನಲ್ಲ ಪಯ್ಯ, ಒಳ್ಳೇವ್ನೇ. ಅವ್ರಮ್ಮನೇ ಕೊಂಜ ಬಿಗಿ. ಬಂದಾಗಿಂದ ನಕ್ಕೇ ಇಲ್ಲ."

"ಬಿಗಿ ಏನು, ಸೊಸೆ ತರೋಕೆ ಬಂದಿದಾರೋ ಜಪ್ತಿಗೆ ಬಂದಿದಾರೋ."

ಗಂಡಿನ ತಾಯಿ ಕಾಫಿ ಲೋಟವನ್ನು ಕೆಳಗಿಟ್ಟರು. ನನ್ನನ್ನೇ ನೇರವಾಗಿ ನೋಡಿದರು. ಆಮೇಲೆ ಅವರ ತುಟಿ ಅಗಲವಾಗಿ, ಬಿಡಿಬಿಡಿಯಾಗಿ, ದನಿಯೇ ಇಲ್ಲದೆ ಆಡಿತು: "ಟೀಚರಮ್ಮಾ, ನಮ್ಮಪ್ಪನ ಮನೆ ಸೋಮನೂರು. ನಾನು ಹುಟ್ಟಿದ್ದೇ ತರಿ ಪಕ್ಕದಾಗೆ."

ತೆಂಗಿನ ತೋಟದವರು, ಇವರಿಗೇನು ತಿಳಿದೀತು ಎಂದು ಕೂತಿದ್ದೆವು. ಹೆಂಗಸರು ತೋಟದಲ್ಲೇ ಮೊಳೆತು ಬರುವುದಿಲ್ಲ, ಅವರಿಗೂ ತವರು ಇರುತ್ತದೆ ಎಂಬುದು ಮೂವತ್ತು ವರ್ಷದ ಹಿಂದೆ ಕೊಳ್ಳೇಗಾಲ ಬಿಟ್ಟುಬಂದ ನನಗೇ ಹೊಳೆಯಲಿಲ್ಲ. ನಮ್ಮವರ ಬಾಯಲ್ಲಿ ಬಜ್ಜಿ ನಿಂತುಹೋಯಿತು. ಬಾಗಿಲತ್ತ ನೋಡುವ ಧೈರ್ಯ ನನಗಾಗಲಿಲ್ಲ. ನೋಡದಿದ್ದರೂ ಗೊತ್ತಿತ್ತು, ಮಗಳು ಮೂವರ ತುಟಿಯನ್ನೂ ಓದಿದ್ದಾಳೆ. ಇದೊಂದನ್ನ ಕೆಡಿಸಬೇಡ ಅಂದಿದ್ದಳಲ್ಲ.

ಪಾಠದಲ್ಲಿ ಒಂದು ಮಾತು ಹೇಳುತ್ತಿದ್ದೆ. ಪಾಲಕ್ಕಾಡಿನ ಕಣಿವೆಯಿಂದ ನುಗ್ಗುವ ಗಾಳಿಗೆ ತೆಂಗಿನ ಗರಿ ಮೊದಲೇ ಸೀಳಿಕೊಂಡು ಸಿದ್ಧವಾಗಿರುತ್ತದೆ. ಬಾಳೆಲೆ ಅಗಲವಾಗಿ ಹರಡಿಕೊಂಡು ಮೆರೆಯುತ್ತದೆ, ಗಾಳಿ ಬಂದ ಮೇಲೆ ತಾನೇ ಹರಿದು ದಾರಿ ಬಿಡುತ್ತದೆ. ಹರಿದ ಮಾತ್ರಕ್ಕೆ ಎಲೆ ಸಾಯುವುದಿಲ್ಲ, ಹರಿಯದೆ ಹಟ ಹಿಡಿದರೆ ಗಿಡವೇ ಉರುಳುತ್ತದೆ. ಅಷ್ಟು ಹೊತ್ತು ಹರಡಿಕೊಂಡಿದ್ದವಳು ಹರಿಯುವುದೇ ಸರಿ ಎಂದು ನಿಶ್ಚಯಿಸಿದೆ. ಆಕೆಯತ್ತ ತಿರುಗಿ ತುಟಿಯಲ್ಲೇ ಹೇಳಿದೆ: "ತಪ್ಪಾಯ್ತಕ್ಕ. ನನ್ನ ನಾಲಿಗೆಗೆ ಮೂಳೆಯಿಲ್ಲ. ಮಗಳು ನನ್ನ ಹಾಗಲ್ಲ."

ಆಕೆ ನನ್ನ ಮುಖ ನೋಡಿದರು. ತರಿ ಶೆಡ್ಡಿನಲ್ಲಿ ಬೆಳೆದವರು ಮಾತನ್ನಷ್ಟೇ ಓದುವುದಿಲ್ಲ, ಮುಖವನ್ನೂ ಓದುತ್ತಾರೆ. ಆಮೇಲೆ ಬಂದಾಗಿನಿಂದ ಮೊದಲ ಸಲ ನಕ್ಕರು, ಬಾಯಿ ತುಂಬ. ನಗುತ್ತಲೇ ತುಟಿಯಾಡಿಸಿದರು: "ಕಿವಿ ನಮ್ಮ ಯಜಮಾನ್ರ ಕಡೇದು. ಇಷ್ಟು ವರ್ಷ ನಾನು ಅಂದಿದ್ದೆಲ್ಲ ಆ ಕಿವಿಲೆ ಇಳಿದೈತೆ, ಒಂದು ಮಾತು ಕೆಳಗೆ ಬಿದ್ದಿಲ್ಲ. ನಿಮ್ಮ ಮಗಳಿಗೂ ಹಂಗೆದಾ."

ಅಷ್ಟರಲ್ಲಿ ಹುಡುಗ ಕಸಿವಿಸಿಯಿಂದ ಅತ್ತಿತ್ತ ನೋಡಿ ತಾಯಿಯ ಕಡೆ ಬಾಗಿದ. ಅವನು ಬೆಳೆದದ್ದು ತೆಂಗಿನ ತೋಟದ ಮೌನದಲ್ಲಿ.

"ಏನಮ್ಮ, ಆಗ್ಲಿಂದ ಯಾರೂ ಒಂದು ಮಾತೂ ಆಡ್ತಿಲ್ಲ. ಇವ್ರಿಗೆ ಇಷ್ಟವಿಲ್ವಾ?"

ಕವಿತಾ ಮೊದಲು ನಕ್ಕಳು. ಆಮೇಲೆ ನಾವೆಲ್ಲ. ಆ ನಡುಮನೆಯಲ್ಲಿ ಎಲ್ಲರಿಗಿಂತ ದೊಡ್ಡ ಕಿವಿ ಇದ್ದವನಿಗೆ ಮಾತ್ರ ಏನೂ ಕೇಳಿಸಿರಲಿಲ್ಲ. ಆಕೆ ಎದ್ದು, ಬಾಳೆಲೆ ಬಿಚ್ಚಿ, ನನ್ನ ಮಗಳ ಜಡೆಗೆ ಹೂ ಮುಡಿಸಿದರು.

ಆಕಾರಕ್ಕೂ ಕೆಲಸಕ್ಕೂ ನಂಟಿದೆ ಎಂದು ನಾನು ಈಗಲೂ ಖಡಾಖಂಡಿತವಾಗಿ ಹೇಳುತ್ತೇನೆ. ಅಳಿಯಂದಿರ ಕಿವಿಯ ಕೆಲಸ ತಿಳಿಯಲು ನನಗೆ ಮದುವೆಯಾಗಿ ಒಂದು ದೀಪಾವಳಿ ಕಳೆಯಬೇಕಾಯಿತು. ಹಬ್ಬಕ್ಕೆ ಬಂದಾಗ ಕವಿತಾ ಅಡುಗೆಮನೆಯಲ್ಲಿ ನಿಟ್ಟುಸಿರು ಬಿಟ್ಟಳು. ಪಕ್ಕದಲ್ಲಿ ಮಗ್ಗಗಳು ಓಡುತ್ತಿದ್ದವು, ಅವಳ ಎದುರಿಗೇ ನಿಂತಿದ್ದ ನನಗೂ ಕೇಳಿಸಲಿಲ್ಲ. ಜಗಲಿಯಲ್ಲಿ ಕೂತಿದ್ದ ಅಳಿಯಂದಿರು ಎದ್ದುಬಂದು, "ಏನಾಯ್ತು?" ಎಂದು ಕೇಳಿದರು.