ಜಯಮ್ಮತ್ತೆಯ ಫ್ರೀ ಟಿಕೆಟ್ಟು

ಕಳೆದ ಶನಿವಾರ ರಾಮನಗರದಿಂದ ನಮ್ಮೂರಿಗೆ ಹೋಗುವ ಸಂಜೆ ಬಸ್ಸಿನಲ್ಲಿ ಕೂತಿದ್ದೆ. ಕಂಡಕ್ಟರು ಹೊಸಬ. ನನ್ನ ಪಕ್ಕದ ಮುದುಕಿಗೆ "ಅಮ್ಮಾ, ಕಾರ್ಡ್ ತೋರ್ಸಿ" ಅಂದ. ಆಕೆ ಎಲೆಅಡಿಕೆ ಚೀಲಕ್ಕೆ ಕೈ ಹಾಕಿ, ಪ್ಲಾಸ್ಟಿಕ್ ಹೊದಿಸಿದ ಆಧಾರ್ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರಿಸಿದಳು. ಮೆಷೀನು ಕಿರ್ರೆಂದು ಚೀಟಿ ಬಿಟ್ಟಿತು. ನೀವೂ ನೋಡಿರುತ್ತೀರಿ, ಹೆಂಗಸರ ಫ್ರೀ ಟಿಕೆಟ್ಟು. ಎಲ್ಲಿಂದ ಎಲ್ಲಿಗೆ ಅಂತ ಬರೆದಿರುತ್ತದೆ, ದುಡ್ಡಿನ ಜಾಗದಲ್ಲಿ ಸೊನ್ನೆ ಇರುತ್ತದೆ. ಆ ಕಿರ್ರೆಂಬ ಸದ್ದು ಕೇಳಿದರೆ ಸಾಕು, ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಳ್ಳುತ್ತೇನೆ. ಯಾಕೆ ಅಂತ ಇವತ್ತು ಹೇಳಿಬಿಡುತ್ತೇನೆ. ಒಳಗೇ ಇಟ್ಟುಕೊಂಡು ಸಾಕಾಗಿದೆ.

ಆಗ ನಾನು ಬೆಂಗಳೂರಿನ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಓದುತ್ತಿದ್ದೆ. ಕೂಟಗಲ್ ಪಕ್ಕದ ನಮ್ಮ ಹಳ್ಳಿಯಿಂದ ರಾಮನಗರಕ್ಕೆ ಬಸ್ಸು, ಅಲ್ಲಿಂದ ಪಾಸಿನ ರೈಲು, ಕೆಂಗೇರಿಯಲ್ಲಿ ಇಳಿದ ಮೇಲೆ ಸಿಟಿ ಬಸ್ಸು. ರೇಷ್ಮೆಗೂಡು ಮಾರಿ ಬಂದ ದಿನ ಅಪ್ಪ ಓಡಾಟಕ್ಕೆ ಅಂತ ಒಂದಷ್ಟು ಕೊಡುತ್ತಿದ್ದ. ಓಡಾಟ ಎಷ್ಟು ಕಮ್ಮಿ ಮಾಡಿದರೆ ಅಷ್ಟು ನನ್ನದು. ಸಿಟಿ ಬಸ್ಸಿನ ದುಡ್ಡು ಉಳಿಸಲು ನಡೆದೆ, ಬೇರೆಯವರು ಕರೆದರೆ ಮಾತ್ರ ಟೀ ಕುಡಿದೆ, ಹಾಗೆ ಉಳಿಸಿದ್ದರಲ್ಲಿ ಒಂದು ಇಯರ್‌ಫೋನು ತಗೊಂಡು ಅದನ್ನೇ ದೊಡ್ಡ ಸಾಧನೆ ಅಂದುಕೊಂಡೆ. ಕ್ಲಾಸಿನಲ್ಲಿ ವೆಚ್ಚದ ಲೆಕ್ಕ ಓದುವುದು, ಹೊರಗೆ ಅದನ್ನೇ ಮಾಡುವುದು. ನನ್ನ ಹಣಕಾಸಿನ ಬುದ್ಧಿಯ ಮೇಲೆ ನನಗೆ ಎಲ್ಲಿಲ್ಲದ ಅಭಿಮಾನವಿತ್ತು.

ಅಷ್ಟರಲ್ಲಿ ಹೆಂಗಸರಿಗೆ ಬಸ್ಸು ಫ್ರೀ ಆಯಿತು. ನಮ್ಮ ಮನೆಯಲ್ಲಿ ಇದರಿಂದ ಹೊಸದಾಗಿ ಹುಟ್ಟಿದವಳು ಅಂದರೆ ಜಯಮ್ಮತ್ತೆ. ಅಪ್ಪನ ಅಕ್ಕ. ಗಂಡ ಹೋದ ಮೇಲೆ ನಮ್ಮ ಮನೆಗೇ ಬಂದು, ರೇಷ್ಮೆಹುಳಕ್ಕೆ ಸೊಪ್ಪು ಹಾಕಿಕೊಂಡು, ನನ್ನನ್ನು ಎತ್ತಿ ಆಡಿಸಿಕೊಂಡು ಇದ್ದವಳು. ಚನ್ನಪಟ್ಟಣದಿಂದಾಚೆ ಕಂಡಿರಲಿಲ್ಲ. ಬಸ್ಸು ಫ್ರೀ ಆದ ಮೇಲೆ ನೋಡಬೇಕಿತ್ತು ಅವಳನ್ನು! ಇವತ್ತು ಕನಕಪುರ, ನಾಳಿದ್ದು ಮಾಗಡಿ. ಯಾವ ಬಸ್ಸಿನಲ್ಲಿ ಯಾವ ಕಿಟಕಿ ತೆಗೆಯಲು ಬರುವುದಿಲ್ಲ ಅನ್ನುವುದೂ ಅವಳಿಗೆ ಗೊತ್ತಾಯಿತು.

"ಮಾಗಡೀಲಿ ಏನ್ ಕೆಲಸ ಇತ್ತತ್ತೆ?" ಅಂತ ಕೇಳಿದರೆ, "ನೀನು ಓದೋಕೋಗ್ತೀಯ, ನಾನು ನೋಡೋಕೋಗ್ತೀನಿ. ನಿಂಗೇನ್ಲಾ ಒಟ್ಟೆಕಿಚ್ಚು?" ಅನ್ನುತ್ತಿದ್ದಳು.

ನನ್ನ ಎಂ.ಕಾಂ. ತಲೆಗೆ ಅದು ಹೊಳೆದದ್ದು ಪರೀಕ್ಷೆಗೆ ಓದುವ ರಜೆಯಲ್ಲಿ. ತರಗತಿ ಇಲ್ಲ ಅಂತ ರೈಲಿನ ಪಾಸು ಮಾಡಿಸಿರಲಿಲ್ಲ. ಲೈಬ್ರರಿಗೆ ಒಂದು ಪುಸ್ತಕ ವಾಪಸ್ಸು ಕೊಡಬೇಕಿತ್ತು. ನಾನು ಹೋದರೆ ಖರ್ಚು, ಅತ್ತೆ ಹೋದರೆ ಸೊನ್ನೆ. ಕೇಳಿದೆ. "ಕೊಡ್ಲಾ, ಓಗ್ಬತ್ತೀನಿ. ನಿನ್ ಇಸ್ಕೂಲೂ ನೋಡ್ದಂಗಾಯ್ತದೆ" ಅಂದಳು. ಆಮೇಲೆ ಗೆಳೆಯನಿಂದ ನೋಟ್ಸು ತರಲು ಹೋದಳು, ಅರ್ಜಿ ತರಲು ಹೋದಳು. ಮಂಡಿ ನೋವಿಗೆ ಎಣ್ಣೆ ಹಚ್ಚಿಕೊಂಡು ಹೋಗುವುದನ್ನು ನಾನು ನೋಡಿದ್ದೇನೆ. ತಮ್ಮನ ಮನೆಯಲ್ಲಿದ್ದವಳಿಗೆ ಬೇಡ ಅನ್ನುವ ಅಧಿಕಾರ ಎಷ್ಟಿತ್ತು ಅಂತ ಮಾತ್ರ ಯೋಚಿಸಲಿಲ್ಲ.

ಕೊನೆಗೆ ಪ್ರಾಜೆಕ್ಟ್ ರಿಪೋರ್ಟು ಕೊಡುವ ದಿನ ಬಂತು. 'ಸಣ್ಣ ಉದ್ದಿಮೆಗಳಲ್ಲಿ ವೆಚ್ಚ ನಿಯಂತ್ರಣ' ಅಂತ ಅದರ ವಿಷಯ, ನಗಬೇಡಿ. ಸಂಜೆಯೊಳಗೆ ಆಫೀಸಿಗೆ ಮುಟ್ಟಿಸಬೇಕು. ಅತ್ತೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ಕಂಕುಳಿಗಿಟ್ಟುಕೊಂಡಳು. ಬಾಗಿಲಲ್ಲಿ ನಿಂತು, "ನನ್ ಆಧಾರ್ ಕಾರ್ಡು ಎಲ್ಲೈತ್ಲಾ? ಮೊನ್ನೆ ರೇಷನ್ ಕಾರ್ಡಿಗೆ ಜೆರಾಕ್ಸ್ ಮಾಡುಸ್ತೀನಿ ಅಂತ ಇಸ್ಕಂಡಿದ್ದೆಯಲ್ಲ" ಅಂದಳು.

ನಾನು ಮೊಬೈಲಿನಿಂದ ತಲೆ ಎತ್ತಲಿಲ್ಲ. "ಆವತ್ತೇ ಕೊಟ್ನಲ್ಲತ್ತೆ. ನೀನೇ ಚೀಲಕ್ಕೆ ಹಾಕ್ಕೊಂಡೆ."

"ಅಂಗಂತೀಯಾ? ಇರ್ಬೇಕು ಬುಡು" ಅಂದಳು. ಬಸ್ಸಿನ ಹಾರನ್ನು ಕೇಳಿಸಿತು, ಓಡಿದಳು. ನಮ್ಮೂರ ಬಸ್ಸಿನ ಕಂಡಕ್ಟರು ಅವಳ ಕಾರ್ಡು ಕೇಳುತ್ತಲೇ ಇರಲಿಲ್ಲ. ಅಷ್ಟು ಪರಿಚಯ.

ಅವಳನ್ನು ಕಳಿಸಿ ನಾನು ಓದಿದೆನೇ? ಗೆಳೆಯ ಸಲೀಂ ಬೈಕು ತಂದ. ಚನ್ನಪಟ್ಟಣದ ಹುಡುಗ, ನನ್ನ ಜೊತೆ ಓದುತ್ತಿದ್ದವನು. ಇಬ್ಬರೂ ಬಿಡದಿಗೆ ತಟ್ಟೆ ಇಡ್ಲಿ ತಿನ್ನಲು ಹೋದೆವು. ಬೆಣ್ಣೆ ಕರಗುತ್ತಿರುವಾಗ ನಾನು ನನ್ನ ಉಪಾಯವನ್ನು ಕೊಚ್ಚಿಕೊಂಡೆ. "ಹೋಗ್ತಾ ಬರ್ತಾ ಒಂದ್ ಪೈಸಾ ಖರ್ಚಿಲ್ಲ ಕಣ್ಲಾ!" ಸಲೀಂ ನಕ್ಕು, "ನೀನು ಬಿಡಪ್ಪ, ಫೈನಾನ್ಸ್ ಮಿನಿಸ್ಟ್ರು" ಅಂದ. ಇಬ್ಬರೂ ಜೋರಾಗಿ ನಕ್ಕೆವು.

ಅಷ್ಟರಲ್ಲಿ ಗಲ್ಲಾದ ಹತ್ತಿರ ಒಂದು ದನಿ ಕೇಳಿಸಿತು. "ಇಲ್ಲಿಂದ ಕೆಂಗೇರಿಗೆ ನಡ್ಕಂಡೋಗೋಕಾಯ್ತದಾ ಸ್ವಾಮಿ?"

ತಿರುಗಿ ನೋಡಿದೆ. ಜಯಮ್ಮತ್ತೆ. ಕಂಕುಳಲ್ಲಿ ಟವೆಲ್ಲಿನ ಗಂಟು. ನನ್ನನ್ನು ಕಂಡು ಮುಖ ಅರಳಿತು. ನೀನು ಇಲ್ಲೇನು ಮಾಡುತ್ತಿದ್ದೀಯ ಅಂತ ಕೇಳಲೇ ಇಲ್ಲ. "ಅಯ್ಯೋ ಸದ್ಯ, ನೀನೇ ಸಿಕ್ದಲ್ಲ! ಕಾರ್ಡು ಎಲ್ಲೋ ಕಳ್ಕಂಡ್ಬುಟ್ಟೆ ಮಗ. ಬೆಂಗ್ಳೂರ್ ಬಸ್ ತುಂಬ ಜನ. ಕಾರ್ಡಿಲ್ಲ, ಕಾಸಿಲ್ಲ, ಸುಳ್ಳೇಳ್ಕಂಡ್ ಬತ್ತೀರಾ ಅಂತ ಇಲ್ಲಿ ಇಳ್ಸುದ ಕಂಡಕ್ಟ್ರು. ಅವನ್ ತಪ್ಪಿಲ್ಲ ಬುಡು, ಚೆಕಿಂಗ್ ಬಂದ್ರೆ ಅವನ್ ಕೆಲಸ ಓಯ್ತದೆ. ನಂಗೇ ಗ್ಯಾನ ಇಲ್ಲ. ಒಸಿ ದುಡ್ ಕೊಡು, ಟೈಮಾಯ್ತದೆ."

ಟಿಕೆಟ್ಟು ಫ್ರೀ ಇರುವವಳಿಗೆ ದುಡ್ಡು ಯಾಕೆ ಅಂತ ನಾನು ಹೊರಡುವಾಗ ಕೈಗೆ ಏನೂ ಕೊಟ್ಟಿರಲಿಲ್ಲ. ಪರ್ಸು ತೆಗೆದೆ. ನೋಟಿರಲಿಲ್ಲ, ನನ್ನ ದುಡ್ಡೆಲ್ಲ ಮೊಬೈಲಿನಲ್ಲೇ. ಕಾಲೇಜಿನ ಐಡಿ ಕಾರ್ಡಿನ ಹಿಂದೆ ಅತ್ತೆಯ ಮುಖ ಕಾಣಿಸಿತು. ಅವಳ ಆಧಾರ್ ಕಾರ್ಡು. ಜೆರಾಕ್ಸ್ ಮಾಡಿಸಿದ ದಿನದಿಂದ ಅಲ್ಲೇ ಇತ್ತು.

ತೆಗೆದು ಕೊಡಬಹುದಿತ್ತು. ಅಯ್ಯೋ ಅತ್ತೆ, ನನ್ನ ತಪ್ಪು, ಅಂದಿದ್ದರೆ ಮುಗಿಯುತ್ತಿತ್ತು. ಈಗಷ್ಟೇ ನನ್ನನ್ನು ಹೊಗಳಿದ ಸಲೀಂ ಎದುರಿಗಿದ್ದ. ನಾನು ಪರ್ಸು ಮುಚ್ಚಿಬಿಟ್ಟೆ. ಸಲೀಮನೇ ಜೇಬಿನಿಂದ ದುಡ್ಡು ತೆಗೆದು, "ತಗೊಳ್ಳಿ ಅತ್ತೆ, ಒಂದ್ ಇಡ್ಲಿ ತಿಂದ್ಕೊಂಡ್ ಹೋಗಿ" ಅಂದ. "ಬಂದ್ ತಿಂತೀನಿ ಮಗ" ಅಂತ ಅವಳು ಬೆಂಗಳೂರಿನ ಬಸ್ಸು ಹತ್ತಿಯೇಬಿಟ್ಟಳು. ಬಸ್ಸು ಹೋದ ಮೇಲೆ ಸಲೀಂ, "ಬೈಕಿತ್ತಲ್ಲೋ, ನಾವೇ ಕೊಟ್ ಬರಬಹುದಿತ್ತು" ಅಂದ. ಅವನು ಆಮೇಲೆ ನಗಲಿಲ್ಲ. ನಾನು ಉಳಿದ ಇಡ್ಲಿ ತಿಂದೆ. ಅದನ್ನೂ ಹೇಳಬೇಕು, ತಿಂದೆ.

ಅತ್ತೆ ಕತ್ತಲಾದ ಮೇಲೆ ಬಂದಳು. ರಿಪೋರ್ಟು ಕೊಟ್ಟ ರಸೀದಿ, ಉಳಿದ ಚಿಲ್ಲರೆ ನನ್ನ ಕೈಗಿಟ್ಟು, "ತಡ ಆಯ್ತು ಕಣಪ್ಪ, ನಿಂಗೇನೂ ತೊಂದ್ರೆ ಆಗ್ನಿಲ್ವಲ್ಲ?" ಅಂತ ನನ್ನನ್ನೇ ಕೇಳಿದಳು. ಮಾರನೆಯ ದಿನ ಇಡೀ ಮನೆ ಹುಡುಕಿದಳು. ಅವಳು ಹಿತ್ತಲಿಗೆ ಹೋದಾಗ ನಾನು ಕಾರ್ಡನ್ನು ಅವಳ ಟ್ರಂಕಿನ ಸೀರೆಯ ಮಡಿಕೆಯಲ್ಲಿ ಇಟ್ಟುಬಿಟ್ಟೆ. ಸಿಕ್ಕಿದರೆ ಖುಷಿಪಡುತ್ತಾಳೆ ಅಂದುಕೊಂಡೆ. ಸಿಕ್ಕಿತು. ಅವಳು ಹೆದರಿಬಿಟ್ಟಳು.

"ಇದೇ ಸೀರೆಯ ಕೊಡವಿ ಕೊಡವಿ ನೋಡುದ್ನಲ್ಲವ್ವ! ನಂಗೇನಾರ ಅರಳುಮರಳು ಬಂದ್ಬುಡ್ತಾ?" ಅಂತ ನಮ್ಮವ್ವನನ್ನು ಕೇಳಿದಳು.

ನಾನು ಪಕ್ಕದ ಕೋಣೆಯಲ್ಲಿ ಪುಸ್ತಕ ಹಿಡಿದು ಕೂತಿದ್ದೆ.

ಆವತ್ತಿನಿಂದ ಅತ್ತೆ ಬಸ್ಸು ಹತ್ತಲಿಲ್ಲ. ಬೀರುವಿನ ಬೀಗದ ಕೈ ಅವ್ವನಿಗೆ ಒಪ್ಪಿಸಿದಳು. ಓಣಿಯ ಹೆಂಗಸರೆಲ್ಲ ಮಾದೇಶ್ವರನ ಬೆಟ್ಟಕ್ಕೆ ಹೊರಟಾಗ, "ನಾನ್ ಬರಾಕಿಲ್ಲ ಕಣ್ರವ್ವ, ದಾರಿ ಮರ್ತು ಕಳ್ದೋಗ್ಬುಟ್ಟೇನು" ಅಂದಳು. ನನಗೆ ಪ್ರಾಜೆಕ್ಟಿನಲ್ಲಿ ಒಳ್ಳೆಯ ಅಂಕ ಬಂತು. ರಾಮನಗರದಲ್ಲೇ ಕೆಲಸವೂ ಸಿಕ್ಕಿತು. ಹೇಳಲು ಮಾತ್ರ ಬಾಯಿ ಬರಲಿಲ್ಲ.

ಶನಿವಾರ ಪಕ್ಕದ ಮುದುಕಿ ಟಿಕೆಟ್ಟನ್ನು ಮಡಿಸಿ ಚೀಲಕ್ಕಿಟ್ಟುಕೊಂಡಾಗ ನನಗೆ ತಡೆಯಲಾಗಲಿಲ್ಲ. ಮನೆಗೆ ಹೋದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದಳು. ಚಪ್ಪಲಿ ಬಿಡುವ ಮೊದಲೇ ಹೇಳಿದೆ. "ಅತ್ತೆ, ಅವತ್ತು ನಿನ್ ಕಾರ್ಡು ನನ್ ಪರ್ಸಲ್ಲೇ ಇತ್ತು."

"ಯಾವ ಕಾರ್ಡ್ಲಾ?"

"ಬಿಡದೀಲಿ ಇಳಿಸಿದ್ರಲ್ಲ, ಅವತ್ತಿಂದು. ನೀನು ಕಳೆದಿರಲಿಲ್ಲ. ಸೀರೇಲಿ ಇಟ್ಟಿದ್ದೂ ನಾನೇ."

ಅವಳ ಕೈ ನಿಂತಿತು. "ಅಂಗಾರೆ ನಂಗೆ ಮರೆವು ಬಂದಿಲ್ವಾ?"

"ಇಲ್ಲತ್ತೆ."

"ನಿನ್ ಮನೆ ಕಾಯೋಗ!" ಅಂದಳು. ಕೈಯಲ್ಲಿದ್ದ ಸಿಪ್ಪೆ ನನ್ನ ಮೇಲೆ ಎಸೆದಳು. ಆಮೇಲೆ ದನಿ ಒಡೆಯಿತು. "ಎರಡ್ ವರ್ಸ ಕಣ್ಲಾ. ಒಲೆ ಆರ್ಸಿದ್ನೋ ಇಲ್ವೋ ಅಂತ ಎದ್ದೆದ್ದು ನೋಡಿವ್ನಿ. ತಲೆ ಕೆಟ್ಟೋಯ್ತು ಅಂತ ಒಬ್ಳೇ ಅತ್ತಿವ್ನಿ. ನೀನು ನೋಡ್ಕಂಡ್ ಸುಮ್ಕಿದ್ದಾ?"

ಸುಮ್ಮನಿದ್ದೆ. ಕೆಳಗೆ ಬಿದ್ದ ಸಿಪ್ಪೆಯನ್ನು ಬಗ್ಗಿ ಆರಿಸತೊಡಗಿದೆ.

ಭಾನುವಾರ ಬೆಳಿಗ್ಗೆ ನೋಡಿದರೆ ಅತ್ತೆ ಒಳ್ಳೆ ಸೀರೆ ಉಟ್ಟು, ಚೀಲ ಹಿಡಿದು ನಿಂತಿದ್ದಾಳೆ. "ಕನಕಪುರಕ್ಕೋಗ್ತಿವ್ನಿ. ಬರದಾದ್ರೆ ಬಾ" ಅಂದಳು. ಹೋದೆ. ನಾನು ನನ್ನ ಟಿಕೆಟ್ಟು ತಗೊಂಡೆ. ಕಂಡಕ್ಟರು ಅವಳ ಕಡೆ ತಿರುಗಿ ಕಾರ್ಡು ಕೇಳಿದ. ಅವಳು ಚೀಲದಲ್ಲಿ ತಡಕಾಡಿ ತೆಗೆದಳು. ಅವಳ ಕಾಗದಪತ್ರ ನಾನೇ ಇಸಿದುಕೊಳ್ಳುವ ಅಭ್ಯಾಸಬಲ, ಕೈ ಚಾಚಿದೆ. "ಕೊಡತ್ತೆ, ನಾನ್ ತೋರಿಸ್ತೀನಿ."

ಅತ್ತೆ ನನ್ನ ಕೈ ನೋಡಿದಳು. ಕಾರ್ಡನ್ನು ತಾನೇ ಎತ್ತಿ ಕಂಡಕ್ಟರಿಗೆ ತೋರಿಸಿ, ಟಿಕೆಟ್ಟಿನ ಜೊತೆ ಚೀಲದೊಳಗಿಟ್ಟು, ಚೀಲವನ್ನು ನನ್ನ ಕಡೆಯಿಂದ ತೆಗೆದು ಕಿಟಕಿಯ ಕಡೆಗೆ ಇಟ್ಟುಕೊಂಡಳು.