ಮಾಡಿನಲ್ಲಿ ಇಲ್ಲದ ಹೆಸರು

ಸೌದೆ ಕೊಟ್ಟಿಗೆಯ ಮಾಡು ಸೋರುತ್ತಿತ್ತು, ಹೊದಿಸಲು ಹಳೇ ಹಂಚು ಬೇಕಾಗಿತ್ತು. ತೆಕ್ಕಟ್ಟೆಯಿಂದ ಸ್ವಲ್ಪ ಈಚೆಗೆ, ಹೆದ್ದಾರಿಯ ಬದಿಯಲ್ಲಿ, ಕೆಡವಿದ ಕಟ್ಟಡಗಳ ಬಾಗಿಲು, ಕಿಟಕಿ, ಹಂಚು ರಾಶಿ ಹಾಕಿ ಮಾರುವವನೊಬ್ಬನಿದ್ದಾನೆ. ಅಲ್ಲಿಗೆ ಹೋಗಿ, ಬಿರುಕಿದೆಯೋ ನೋಡೋಣವೆಂದು ಒಂದು ಹಂಚನ್ನು ಮಗುಚಿದೆ. ಕಾರ್ಖಾನೆಯ ಮುದ್ರೆಯ ಕೆಳಗೆ ಡೊಂಕು ಅಕ್ಷರದಲ್ಲಿ ನನ್ನದೇ ಹೆಸರು. ಪಾಚಿ ಹೋಗಲೆಂದು ಬಾಟಲಿಯ ನೀರು ಸುರಿದೆ. ಹಸಿಮಣ್ಣಿನ ವಾಸನೆ ಗಪ್ಪೆಂದು ಮೂಗಿಗೆ ಹೊಡೆಯಿತು… ಅಲ್ಲೇ ಒಂದು ಮುರುಕು ಬಾಗಿಲ ಮೇಲೆ ಕೂತುಬಿಟ್ಟೆ. ಮಾರುವವನು ನನಗೆ ತಲೆ ತಿರುಗಿತೆಂದುಕೊಂಡು ನೆರಳಿಗೆ ಕರೆದ.

ಆ ಅಕ್ಷರ ಬರೆದವರು ನಮ್ಮ ಕಾರ್ಖಾನೆಯಲ್ಲಿ ಹಸಿ ಹಂಚಿನ ಅಂಚು ಕೊರೆಯುತ್ತಿದ್ದ ಹೆಂಗಸು. ನಾವೆಲ್ಲ ಅವರನ್ನು ಅಕ್ಕ ಎನ್ನುತ್ತಿದ್ದೆವು. ಅವರಿಗೊಂದು ಹೆಸರಿತ್ತು, ನನಗದು ಚೆನ್ನಾಗಿ ಗೊತ್ತು. ಬರೆಯಬೇಕಾಗಿದ್ದ ಜಾಗದಲ್ಲಿ ಬರೆಯದ ಮನುಷ್ಯ ನಾನು. ಈಗ ಇಲ್ಲಿ ಬರೆದು ದೊಡ್ಡವನಾಗುವುದು ಬೇಡ.

ಕುಂದಾಪುರದ ಹೊಳೆಯ ಬದಿಯಲ್ಲಿದ್ದ ಆ ಹಂಚಿನ ಕಾರ್ಖಾನೆಗೆ ನಾನು ರೈಟರಾಗಿ ಸೇರಿದ್ದು ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ವರ್ಷ. ಯಾರು ಕೆಲಸಕ್ಕೆ ಬಂದರು, ಯಾರು ಬರಲಿಲ್ಲ, ಎಷ್ಟು ಹಂಚು ಒಡೆಯಿತು ಎಂದು ಬರೆಯುವುದು ನನ್ನ ಕೆಲಸ. ಇಪ್ಪತ್ತೆರಡರ ಪ್ರಾಯ, ತಲೆ ತುಂಬ ಗಾಳಿ. ಮೂರೇ ತಿಂಗಳಲ್ಲಿ ಧಣಿಗಳಿಗೆ ಗೊತ್ತಾಗದ ಹಾಗೆ ಪಾರ್ಟಿಯವನಾದೆ.

ನಮ್ಮೂರಿಗೆ ಪಾರ್ಟಿ ಬಂದದ್ದು ಬೊಂಬಾಯಿಯಿಂದ. ಇಂಗ್ಲಿಷರ ಕಾಲದಲ್ಲಿ ಹೋಟೆಲು ಕೆಲಸಕ್ಕೆ ಹೋದ ಮೂರು ಜನ ಅಲ್ಲಿ ಗಿರಣಿಯವರ ಮೆರವಣಿಗೆ ಕಂಡು, ಟ್ರಂಕಿನ ತಳದಲ್ಲಿ ಒಂದು ಕೆಂಪು ಬಾವುಟ ಮಡಚಿ ತಂದರಂತೆ. ಇಂಗ್ಲಿಷರು ಅವರನ್ನು ಹಿಡಿದು ಒಳಗೆ ಹಾಕಿದರು. ಇಂಗ್ಲಿಷರು ಹೋದ ಮೇಲೆ ನಮ್ಮವರೇ ಹಿಡಿದು ಹಾಕಿದರು. ಪಾರ್ಟಿಗೆ ನಿಷೇಧವಿದ್ದಾಗ ಮೆಂಬರುಗಳ ಪುಸ್ತಕ ಪೊಲೀಸರ ಕೈಗೆ ಸಿಕ್ಕಿತು. ಅದರಲ್ಲಿ ಹೆಸರಿದ್ದವರೆಲ್ಲ ಒಂದೇ ಬೆಳಿಗ್ಗೆ ಜೈಲು ಸೇರಿದರು. ಕಾರ್ಖಾನೆಯಲ್ಲಿ ಹಂಚು ಸುಡುವ ಗೂಡಿಗೆ ಬೆಂಕಿ ಹಾಕುತ್ತಿದ್ದ ಅಕ್ಕನ ಗಂಡನೂ ಅವರಲ್ಲೊಬ್ಬರು. ಎರಡು ವರ್ಷ ಜೈಲಿನಲ್ಲಿದ್ದು ಬರುವಾಗ ಎದೆಯಲ್ಲಿ ಕೆಮ್ಮು ಕಟ್ಟಿಕೊಂಡು ಬಂದಿದ್ದರು.

ನಾನು ಸೇರಿದ ಹೊಸತರಲ್ಲಿ, ಮೊದಲ ಸಲ ಪಾರ್ಟಿ ಆಫೀಸು ಕಟ್ಟುವಾಗ ಮೆಂಬರುಗಳ ಪಟ್ಟಿ ಎಲ್ಲಿಡುವುದೆಂದು ಚರ್ಚೆ ಎದ್ದಿತು. ಆಗ ಅಕ್ಕನ ಗಂಡ, ನಾವೆಲ್ಲ ಬೆಂಕಿಯವರು ಎನ್ನುತ್ತಿದ್ದವರು, ಕೆಮ್ಮುತ್ತ ಎದ್ದು ನಿಂತು ಹೇಳಿದರು:

“ಪುಸ್ತಕ ಆರೆ ಪೊಲೀಸ್ರ್ ಕೊಂಡ್ ಹೋತ್ರ್. ಇಡೀ ಮಾಡ್ ಹೊತ್ಕಂಡ್ ಹೋಪುಕ್ ಆತ್ತಾ? ಹಸಿ ಹಂಚ್ ಮೇಲ್ ಬರ್ದ್ ಸುಡುವ.”

ಎಲ್ಲರೂ ನಕ್ಕರು. ಆದರೆ ಹಾಗೆಯೇ ಆಯಿತು. ಅಚ್ಚಿನಿಂದ ಬಿದ್ದ ಹಸಿ ಹಂಚು ಮೊದಲು ಬರುವುದು ಅಂಚು ಕೊರೆಯುವವರ ಕೈಗೆ. ಅಲ್ಲಿ ಅಕ್ಕ ತಲೆಯ ಸೂಜಿ ತೆಗೆದು, ಹಂಚಿನ ಒಳಮೈಯಲ್ಲಿ ಹೆಸರು ಗೀರುತ್ತಿದ್ದರು. ಒಣಗಿ, ಗೂಡಿನಲ್ಲಿ ಬೆಂದು ಬಂದ ಮೇಲೆ ನಾನದನ್ನು ಒಡೆದ ಹಂಚೆಂದು ಬರೆದು ಹೊರಗೆ ದಾಟಿಸುತ್ತಿದ್ದೆ. ಆಫೀಸಿನ ಮಾಡಿನಲ್ಲಿ ಒಂದು ಸಾದಾ ಹಂಚು ತೆಗೆದು ಅಲ್ಲಿ ಈ ಹಂಚು. ಒಳಗೆ ನಿಂತು ಕತ್ತೆತ್ತಿದರೆ ಹೆಸರುಗಳು ಕಾಣುತ್ತಿದ್ದವು. ಮಾಡಿನಲ್ಲಿ ಹೆಸರಿದ್ದವನು ಮೆಂಬರು. ಬೇರೆ ರಸೀದಿಯಿಲ್ಲ, ಪುಸ್ತಕವಿಲ್ಲ.

ಅಕ್ಕನಿಗೆ ಮೊದಲು ಅಕ್ಷರವೇ ಬರುತ್ತಿರಲಿಲ್ಲ. ಮಧ್ಯಾಹ್ನ ಗಂಜಿ ಉಂಡಾದ ಮೇಲೆ ಒಣಗಿದ ಮಣ್ಣಿನ ಹುಡಿಯನ್ನು ನೆಲದಲ್ಲಿ ಹರಡಿ ಕಲಿಸಿದವನು ನಾನು. ಮೊದಲು ಅವರ ಹೆಸರು, ಆಮೇಲೆ ಅವರ ಗಂಡನದು. ಅವರು ಮೊದಲು ಹಂಚಿನಲ್ಲಿ ಬರೆದದ್ದೂ ಗಂಡನ ಹೆಸರೇ. ಆ ಹಂಚನ್ನು ಬಾಗಿಲಿನ ನೇರಕ್ಕೆ ಇಟ್ಟರು. ಎರಡು ಮಳೆಗಾಲ ಕಳೆಯುವುದರೊಳಗೆ ಬೆಂಕಿಯವರು ತೀರಿಕೊಂಡರು. ಆಮೇಲೆ ಅಕ್ಕ ಆಫೀಸು ಗುಡಿಸಲು ಬಂದಾಗ ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು ಮೇಲೆ ನೋಡಿ, ಆಮೇಲೆ ಹಿಡಿಸೂಡಿ ಹಿಡಿಯುತ್ತಿದ್ದರು.

ಹಸಿ ಹಂಚು ಬೆಣ್ಣೆಯಷ್ಟು ಮೆತ್ತಗೆ. ಎಡಗೈಯಲ್ಲಿ ಒತ್ತಿ ಹಿಡಿಯದೆ ಬರೆಯಲಾಗದು. ಹಾಗಾಗಿ ಹೆಸರಿನ ಹಂಚುಗಳ ಮೂಲೆಯಲ್ಲೆಲ್ಲ ಅವರ ಹೆಬ್ಬೆರಳಿನ ಗುಳಿ ಬೀಳುತ್ತಿತ್ತು. ಸೌದೆ ಕಡಿಯುವಾಗ ಪೆಟ್ಟಾಗಿ ಆ ಬೆರಳಿಗೆ ಅಡ್ಡಗೀರಿನ ಗಾಯದ ಕಲೆ ಇತ್ತು, ಅದೂ ಮೂಡುತ್ತಿತ್ತು.

“ಎಂತ ಅಕ್ಕ, ಎಲ್ಲರ ಹೆಸ್ರಿಗೂ ನಿಮ್ದೇ ಹೆಬ್ಬೆಟ್ಟ್?” ಎಂದು ನಾನೊಮ್ಮೆ ತಮಾಷೆ ಮಾಡಿದೆ.

“ಹಿಡುದೇ ಬರೀಕ್ ಆತ್ತಾ ತಮ್ಮ?” ಎಂದರು. ಆಮೇಲೆ, ಕೊರೆಯುವ ಕೈ ನಿಲ್ಲಿಸದೆ ಕೇಳಿದರು. “ನನ್ ಹೆಸ್ರೂ ಒಂದ್ ಬರ್ಕಂಬ್ಲಾ?”

“ಕಮಿಟಿಯಂಗ್ ಕೇಂಡ್ ಹೇಳ್ತೆ ಅಕ್ಕ.”

ಕೇಳಲಿಲ್ಲ. ಬೇಕೆಂದು ಮರೆತದ್ದಲ್ಲ, ಅಷ್ಟೊಂದು ಕೆಟ್ಟವನಾಗಿರಲಿಲ್ಲ ಆಗ. ಕಮಿಟಿಯಲ್ಲಿ ಭೂಮಿಯ ಪ್ರಶ್ನೆ, ಬೋನಸ್ಸಿನ ಪ್ರಶ್ನೆ, ರಷ್ಯಾದ ಪ್ರಶ್ನೆ ಎಲ್ಲ ಬರುತ್ತಿತ್ತು; ಇದು ನಾಲಿಗೆಗೇ ಬರಲಿಲ್ಲ. ಅವರು ಮತ್ತೆ ಕೇಳಲಿಲ್ಲ. ಒಪ್ಪಿಗೆಯಿಲ್ಲದೆ ಬರೆದುಕೊಳ್ಳುವ ಜನವೂ ಅಲ್ಲ. ಅಮಾಸೆಬೈಲಿನ ಗೇಣಿ ಒಕ್ಕಲುಗಳು, ಉಪ್ಪುಂದದ ಬಲೆಯವರು, ಬ್ರಹ್ಮಾವರದ ಕಡೆಯ ಕೂಲಿಗಳು, ಹೀಗೆ ವರ್ಷವರ್ಷವೂ ಹೆಸರುಗಳು ಬಂದವು. ಅಕ್ಕ ಬರೆದರು. ದೂರದಿಂದ ಬಂದವರು ಕತ್ತೆತ್ತಿ ತಮ್ಮ ಹೆಸರು ಹುಡುಕುವಾಗ ಕೋಲಿನಿಂದ ತೋರಿಸುತ್ತಿದ್ದವರೂ ಅವರೇ. “ಹ್ವಾಯ್, ಅಲ್ಲಲ್ಲ, ಆ ಮರದ್ ರೀಪಿನ್ ಆಚಿ ಬದಿ ಕಾಣಿ. ಕಂಡ್ತಾ?” ಓದು ಬಾರದವರೂ ಹೌದೆಂದು ತಲೆಯಾಡಿಸಿ ಸಂತೋಷದಿಂದ ಹೋಗುತ್ತಿದ್ದರು. ನನ್ನ ಬದುಕಿನಲ್ಲಿ ಪಾರ್ಟಿ ಎಂದರೆ ಏನೆಂದು ಯಾರಾದರೂ ಕೇಳಿದರೆ ಇವತ್ತಿಗೂ ನನಗೆ ನೆನಪಾಗುವುದು ಆ ಕತ್ತೆತ್ತಿದ ಮುಖಗಳು.

ಚೀನಾದ ಯುದ್ಧ ಬಂತು, ಹೋಯಿತು. ದಿಲ್ಲಿಯಲ್ಲಿ ದೊಡ್ಡವರ ನಡುವೆ ಬಿರುಕು ಬಿದ್ದು ಪಾರ್ಟಿ ಎರಡು ಹೋಳಾಯಿತು. ಪತ್ರಿಕೆ ನಮಗೆ ಮಾರನೇ ದಿನ ತಲುಪುತ್ತಿತ್ತು, ಜಗಳಕ್ಕೆ ಮಾತ್ರ ತಡವಾಗಲಿಲ್ಲ. ಒಂದೇ ಬೀಡಿಯನ್ನು ಹಂಚಿ ಸೇದುತ್ತಿದ್ದವರು ರಸ್ತೆಯ ಆಚೆ ಈಚೆ ನಡೆದರು. ಅವರು ಬರೆದ ಗೋಡೆಗೆ ಇವರು ಸುಣ್ಣ ಬಳಿದರು. ನಾನು ಹೆಚ್ಚು ಜನವಿದ್ದ ಬದಿಗೆ ಸೇರಿದೆ. ಸಿದ್ಧಾಂತ ಓದಿಯೇ ಸೇರಿದೆನೆಂದು ಆಗ ಎಲ್ಲರೊಡನೆ ವಾದಿಸುತ್ತಿದ್ದೆ. ಸುಳ್ಳು. ನನ್ನ ಗೆಳೆಯರು ಆ ಬದಿಯಲ್ಲಿದ್ದರು, ಅಷ್ಟೆ.

ಉಳಿದದ್ದು ಆಫೀಸಿನ ಪ್ರಶ್ನೆ. ಕಟ್ಟಡ ನಮ್ಮದಾಗಲಿ, ಆಚೆಯವರು ತಮ್ಮ ತಮ್ಮ ಹೆಸರಿನ ಹಂಚು ಇಳಿಸಿಕೊಂಡು ಹೋಗಲಿ ಎಂದು ನಮ್ಮವರ ಪಟ್ಟು. ಕಟ್ಟಡ ಇಬ್ಬರಿಗೂ ಇರಲಿ, ಮಾಡು ಮುಟ್ಟುವುದು ಬೇಡ ಎಂದು ಅವರು. ಅಕ್ಕ ಯಾವ ಬದಿಗೂ ಮೀಟಿಂಗಿಗೆ ಹೋಗಲಿಲ್ಲ. ಆದರೆ ಒಂದು ಮಧ್ಯಾಹ್ನ ಗಂಜಿಯ ಹೊತ್ತಿಗೆ ನನ್ನ ಮೇಜಿನ ಬಳಿ ಬಂದರು. ಕೈ ಮೊಣಕೈವರೆಗೂ ಮಣ್ಣು.

“ತಮ್ಮ, ಮಾಡ್ ತೆಗೂಕೆ ಬಿಡಬೇಡಿ. ನಮ್ಮನಿಯವ್ರ್ ಆ ಮಾಡಂಗ್ ಇದ್ರ್ ಅಂದೇಳಿಯೇ ನಾ ಇಲ್ಲಿ ಇಪ್ಪುದ್. ಇಲ್ದಿರೆ ಉಪ್ಪುಂದಕ್ಕೆ ತಮ್ಮನ ಮನಿಗೆ ಯಾವತ್ತೋ ಹೋತಿದ್ದೆ.”

“ಅವ್ರ್ ಹಂಚ್ ಯಾರೂ ಮುಟ್ಟುದಿಲ್ಲ ಅಕ್ಕ” ಎಂದೆ.

“ಸುತ್ತ ಇಪ್ಪುದೆಲ್ಲ ತೆಗ್ದ್ರೆ ಅದೊಂದ್ ನಿಲ್ಲತ್ತಾ?”

ಕಾಂಬ, ಹೇಳ್ತೆ, ಮಾತಾಡ್ತೆ ಎಂದೆಲ್ಲ ಹೇಳಿ ಕಳಿಸಿದೆ. ಬಾಯಿಯ ಮಾತಿಗೆ ಬಡತನವೇನು.

ಮೇ ತಿಂಗಳ ಒಂದು ಭಾನುವಾರ ಮಧ್ಯಾಹ್ನ ಮತಕ್ಕೆ ಹಾಕಿದರು. ಸೆಕೆಯಲ್ಲಿ ನಲವತ್ತೊಂದು ಜನ ಚಾಪೆಯ ಮೇಲೆ ಒತ್ತಿ ಕೂತಿದ್ದೆವು. ಎರಡೂ ಬದಿಯವರು ಒಪ್ಪಿದ ಒಬ್ಬ ವಕೀಲರು ನಡುವೆ ಕುರ್ಚಿಯಲ್ಲಿದ್ದರು. ಸಮ ಬಂದರೆ ಇದ್ದದ್ದು ಇದ್ದ ಹಾಗೆಯೇ ಇರಬೇಕು ಎಂದು ಮೊದಲೇ ಹೇಳಿದ್ದರು. ಹಂಚು ಇಳಿಸುವುದಕ್ಕೆ ಇಪ್ಪತ್ತೊಂದು ಕೈ ಎದ್ದವು, ನನ್ನದೂ ಸೇರಿ. ಬೇಡವೆಂದು ಇಪ್ಪತ್ತು. ಅಷ್ಟರಲ್ಲಿ ಬಾಗಿಲ ಬಳಿ ಗೋಡೆಗೊರಗಿ ನಿಂತಿದ್ದ ಅಕ್ಕನ ಕೈ ಮೇಲೆ ಹೋಯಿತು.

“ನಂದೂ ಬೇಡ ಅಂದೇ” ಎಂದರು.

ನಮ್ಮ ಬದಿಯ ಒಬ್ಬ ಎದ್ದು ನಿಂತ. ಅಕ್ಕ ಮೆಂಬರಲ್ಲ ಎಂದ. ಬೆಂಕಿಯವರು ಮೆಂಬರು ಹೌದು, ಅವರ ಹೆಂಡತಿ ಎಂದರೆ ಮೆಂಬರಾಗುವುದಿಲ್ಲ ಎಂದ. ಗುಜುಗುಜು ಶುರುವಾಯಿತು. ವಕೀಲರು ಕನ್ನಡಕ ತೆಗೆದು ಒರೆಸಿಕೊಂಡು, ಬಹಳ ಮರ್ಯಾದೆಯಿಂದಲೇ ಕೇಳಿದರು.

“ನಿಮ್ಮ ಪಟ್ಟಿ ಮಾಡಿನಲ್ಲಿ ಉಂಟಲ್ಲವಾ? ಇವರ ಹೆಸರು ಎಲ್ಲಿದೆ, ತೋರಿಸಿ.”

ನಲವತ್ತೊಂದು ಜನವೂ ಕತ್ತೆತ್ತಿದೆವು. ಎಂಟು ವರ್ಷ ಕೋಲು ಹಿಡಿದು ಎಲ್ಲರ ಹೆಸರು ತೋರಿಸಿದ್ದ ಅಕ್ಕ ತಾನೂ ಒಮ್ಮೆ ಮೇಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರು ಕೇಳಿದ್ದರೆಂದು, ನಾನು ಹೇಳುತ್ತೇನೆಂದು ಮಾತು ಕೊಟ್ಟಿದ್ದೆನೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನಮ್ಮಿಬ್ಬರಿಗೆ ಮಾತ್ರ. ಅಷ್ಟೇ ಅಲ್ಲ, ಪ್ರತಿ ಹೆಸರಿನ ಪಕ್ಕದಲ್ಲೂ ಅವರ ಹೆಬ್ಬೆರಳು ಇದೆ, ಬೇಕಾದರೆ ಇಳಿಸಿ ನೋಡಿ ಎಂದು ಹೇಳಬಹುದಾಗಿದ್ದವನೂ ನಾನೊಬ್ಬನೇ. ಒಂದು ಮಾತು. ಹೇಳಿದ್ದರೆ ಸಮವಾಗುತ್ತಿತ್ತು, ನಮ್ಮ ಬದಿ ಸೋಲುತ್ತಿತ್ತು.

ನಾನು ಮೇಲೆ ನೋಡುತ್ತಲೇ ಇದ್ದೆ, ಹುಡುಕುವವನ ಹಾಗೆ.

“ಇಲ್ಲೆ” ಎಂದರು ಅಕ್ಕ. “ನಂದ್ ಇಲ್ಲೆ, ವಕೀಲ್ರೇ.” ಕೈ ಇಳಿಸಿ, ಸೆರಗು ಸರಿಮಾಡಿಕೊಂಡು ಹೊರಗೆ ಹೋದರು.

ಅದೇ ದಿನ ಏಣಿ ಬಂತು. ಆಚೆಯವರು ತಮ್ಮ ಹಂಚುಗಳನ್ನು ಇಳಿಸಿ ಗೋಣಿಚೀಲದಲ್ಲಿ ಕಟ್ಟಿಕೊಂಡರು. ಸತ್ತವರು ಯಾರ ಕಡೆ ಎಂಬ ಪ್ರಶ್ನೆ ಬಂದಾಗ ಬೆಂಕಿಯವರು ನಮ್ಮವರೆಂದು ಅವರೂ, ನಮ್ಮವರೆಂದು ನಾವೂ ಹಿಡಿದುಕೊಂಡೆವು. ಅಕ್ಕನನ್ನು ಕೇಳೋಣವೆಂದು ಒಬ್ಬರ ಬಾಯಲ್ಲೂ ಬರಲಿಲ್ಲ. ಎಳೆದಾಟದಲ್ಲಿ ಆ ಹಂಚು ಯಾರ ಕೈಯಿಂದ ಜಾರಿತೋ, ಜಗುಲಿಯ ಕಲ್ಲಿನ ಮೇಲೆ ಬಿದ್ದು ಮೂರು ತುಂಡಾಯಿತು. ಒಂದು ತುಂಡು ಅವರು ಒಯ್ದರು, ಒಂದು ನಾವು ಇಟ್ಟುಕೊಂಡೆವು. ಮೂರನೆಯದು ಏನಾಯಿತೋ ಗೊತ್ತಿಲ್ಲ… ಅಕ್ಕನೇ ಎತ್ತಿಕೊಂಡಿದ್ದರೆ ಎಷ್ಟು ಒಳ್ಳೆಯದಿತ್ತು ಎಂದುಕೊಳ್ಳುತ್ತೇನೆ.

ಮರುದಿನ ಅವರು ಎಂದಿನಂತೆ ಕೆಲಸಕ್ಕೆ ಬಂದರು. ಹಾಜರಿ ಹಾಕುವಾಗ ನಾನು ತಲೆಯೆತ್ತಲಿಲ್ಲ.

“ಬಂದಿದ್ದೆ ರೈಟ್ರೇ” ಎಂದರು.

ಅಲ್ಲಿವರೆಗೆ ಒಂದು ದಿನವೂ ಅವರ ಬಾಯಲ್ಲಿ ನಾನು ತಮ್ಮ ಅಲ್ಲದೆ ಬೇರೆ ಏನೂ ಆಗಿರಲಿಲ್ಲ. ಬೈದಿದ್ದರೆ ಸಹಿಸಬಹುದಿತ್ತು. ಆಮೇಲೆ ಆರೇಳು ವರ್ಷ ನಾವು ಒಂದೇ ಸೂರಿನ ಕೆಳಗೆ ಕೆಲಸ ಮಾಡಿದೆವು. ಕೊನೆಯ ದಿನದವರೆಗೂ ನಾನು ರೈಟ್ರೇ. ಹಂಚಿನಲ್ಲಿ ಅವರು ಮತ್ತೆ ಯಾರ ಹೆಸರೂ ಬರೆಯಲಿಲ್ಲ. ಬರೆಯಲು ಹೊಸಬರು ಬರಲೂ ಇಲ್ಲ.

ಮುಂದಿನ ಚುನಾವಣೆಯಲ್ಲಿ ಎರಡೂ ಬದಿಯವರು ಒಂದೇ ಕ್ಷೇತ್ರದಲ್ಲಿ ನಿಂತು, ಒಬ್ಬರನ್ನೊಬ್ಬರು ದ್ರೋಹಿ ಎಂದು ಬೈದುಕೊಂಡು, ಇಬ್ಬರೂ ಠೇವಣಿ ಕಳೆದುಕೊಂಡರು. ಆಫೀಸಿನ ಮಾಡು, ಇಳಿಸಿದ ಜಾಗಕ್ಕೆ ಹೊಸ ಹಂಚು ಹಾಕಿದರೂ, ಸೋರುತ್ತಿತ್ತು. ನಾನು ಮೊದಲು ಮೀಟಿಂಗಿಗೆ ಹೋಗುವುದು ಕಡಿಮೆ ಮಾಡಿದೆ, ಆಮೇಲೆ ಬಿಟ್ಟೆ. ಆಫೀಸಿಗೆ ಬಾಡಿಗೆಗೆ ಒಬ್ಬ ಟೈಲರ್ ಬಂದ. ಎಪ್ಪತ್ತರ ಆಚೆ ಈಚೆ ಅಕ್ಕ ಕೆಲಸ ಬಿಟ್ಟು ಉಪ್ಪುಂದಕ್ಕೆ ಹೋದರು. ಹೋಗುವ ದಿನ ನಾನು ರಜೆ ಹಾಕಿದ್ದೆ, ಬೇಕೆಂದೇ. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಅದೂ ಉತ್ತರಕ್ರಿಯೆ, ಬೊಜ್ಜ ಎಲ್ಲ ಕಳೆದ ಮೇಲೆ, ಮೀನು ಮಾರುವ ಹೆಂಗಸಿನ ಬಾಯಿಂದ.

ಹೆದ್ದಾರಿ ಅಗಲ ಮಾಡುವಾಗ ಆಫೀಸಿನ ಕಟ್ಟಡ ಹೋಯಿತು. ಅದರ ಹಂಚೇ ತೆಕ್ಕಟ್ಟೆಯ ರಾಶಿಗೆ ಬಂದಿರಬೇಕು. ಅವತ್ತು ಕತ್ತಲಾಗುವವರೆಗೂ ಆ ರಾಶಿ ಮಗುಚಿದೆ. ಹೆಸರಿನ ಹಂಚು ಒಂಬತ್ತು ಸಿಕ್ಕಿದವು. ಎಂಟು ಜನ ಈಗಿಲ್ಲ. ಒಂಬತ್ತರ ಮೂಲೆಯಲ್ಲೂ ಅಡ್ಡಗೀರಿನ ಹೆಬ್ಬೆರಳು.

ಮನೆಗೆ ತಂದು ತೊಳೆದು ಜಗುಲಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನಿನ್ನೆ ಒಂದು ಮೊಳೆ ಹುಡುಕಿ, ನನ್ನ ಹಂಚು ತೊಡೆಯ ಮೇಲಿಟ್ಟುಕೊಂಡು, ನನ್ನ ಹೆಸರಿನ ಕೆಳಗೆ ಅವರ ಹೆಸರು ಬರೆಯಲು ಕೂತೆ. ಹುಡಿಮಣ್ಣಿನಲ್ಲಿ ನಾನೇ ಬರೆಸಿದ್ದ ನಾಲ್ಕಕ್ಷರ. ಎಷ್ಟು ಒತ್ತಿ ಗೀರಿದರೂ ಮೇಲೊಂದು ಬಿಳಿ ಗೆರೆ ಬಂತು, ಅಷ್ಟೆ. ಅಂಗೈಯಿಂದ ಒರೆಸಿ ನೋಡಿದೆ, ಹೋಯಿತು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಗಿದೆ, ಹಸಿ ಹಂಚು ಈಗ ಎಲ್ಲೂ ಸಿಗುವುದಿಲ್ಲ.